ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಿದ ಮೇಲೆ ಧೂಳು ಬಿಟ್ಟು ಮೂಗುಬೊಟ್ಟು ಅಳಿಸ್ತಿದೆ (ಕೂಲ್‌ಸ್ಕ್ಯಾನ್ ಎಲ್‌ಎಸ್-50)

ಶಿರಸಿ_ಸ್ಟುಡಿಯೋ:

ಅಪ್ಪನ ಸ್ಟುಡಿಯೋದ ಹಳೇ ನೆಗೆಟಿವ್‌ಗಳನ್ನ ನಿಕಾನ್ ಕೂಲ್‌ಸ್ಕ್ಯಾನ್ ಎಲ್‌ಎಸ್-50ರಲ್ಲಿ ಸ್ಕ್ಯಾನ್ ಮಾಡ್ತಾ ಇದ್ದೀನಿ. ಮದುವೆ, ಉಪನಯನ, ಮಾರಿಕಾಂಬಾ ಜಾತ್ರೆ, ಬಯಲಾಟ ಎಲ್ಲ ಇದೆ. ಹೆಚ್ಚಿನವು ಕಲರ್, ಬೇರೆ ಒಂದು ಟ್ರಂಕ್ ತುಂಬ ಬ್ಲ್ಯಾಕ್ ಅಂಡ್ ವೈಟ್, ಅದರಲ್ಲಿ ಬಹಳಷ್ಟು ಊಟಿಯಲ್ಲಿ ತಯಾರಾಗ್ತಿದ್ದ ‘ಇಂದು’ ಫಿಲ್ಮ್. ನಮ್ಮ ಕಡೆ ಮಳೆ ಗೊತ್ತಲ್ಲ, ಎಷ್ಟು ಭದ್ರ ಮುಚ್ಚಿಟ್ಟರೂ ಬೂಷ್ಟು ಬಿಡೋದಿಲ್ಲ. ಇನ್‌ಫ್ರಾರೆಡ್ ಬೆಳಕಿನಿಂದ ಧೂಳು, ಗೀರು ಪತ್ತೆ ಹಚ್ಚಿ ಸ್ಕ್ಯಾನ್‌ನಿಂದ ಅಳಿಸೋ ‘ಇನ್‌ಫ್ರಾರೆಡ್ ಕ್ಲೀನಿಂಗ್’ ಇಲ್ಲದೆ ನನ್ನ ಕೆಲಸ ಮುಂದೆ ಹೋಗೋದೇ ಇಲ್ಲ.

2025ರ ಅಕ್ಟೋಬರ್‌ಗೆ ವಿಂಡೋಸ್ 10 ಸಪೋರ್ಟ್ ಮುಗೀತು ಅಂತ ವಿಂಡೋಸ್ 11 ಲ್ಯಾಪ್‌ಟಾಪ್ ತಗೊಂಡೆ. ನಿಕಾನ್‌ದೇ ಆದ ಸಾಫ್ಟ್‌ವೇರ್ 32-ಬಿಟ್ ವಿಸ್ಟಾ ಕಾಲಕ್ಕೇ ನಿಂತಿದೆ, ಹಾಗಾಗಿ ನಾನು ಬಳಸೋದು ಬೇರೆ ಕಂಪನಿಯ ಪ್ರೋಗ್ರಾಮ್, ದುಡ್ಡು ಕೊಟ್ಟು ತಗೊಂಡಿದ್ದು. ಹೆಸರು ಹೇಳೋದಿಲ್ಲ, ಅವರ ಸಪೋರ್ಟ್‌ಗೆ ಕೊಟ್ಟ ದೂರು (ಟಿಕೆಟ್) ಇನ್ನೂ ನಡೀತಿದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಹಳೇ ವರ್ಷನ್ ಆ್ಯಕ್ಟಿವೇಟ್ ಆಗ್ಲಿಲ್ಲ. ಅಪ್‌ಗ್ರೇಡ್ ಮಾಡಿ ಅಂದ್ರು. ಮತ್ತೆ ದುಡ್ಡು ಕೊಟ್ಟು ಮಾಡಿದೆ.

ಈಗ ಬಣ್ಣ ಮೊದಲಿಗಿಂತ ಚೆನ್ನಾಗೇ ಬರ್ತಿದೆ, ಸುಳ್ಳು ಹೇಳಬಾರದು. ಆದ್ರೆ ಕ್ಲೀನಿಂಗ್ ಆನ್ ಮಾಡಿದ್ರೆ ಧೂಳಿನ ಬಿಳಿ ಚುಕ್ಕೆ ಇದ್ದಲ್ಲೇ ಇರುತ್ತೆ, ಅದರ ಎಡಕ್ಕೆ ಒರೆಸಿದ ಹಾಗೆ ಒಂದು ಮಸುಕು ಕಲೆ ಬರುತ್ತೆ. ಒಂದು ಮದುವೆ ಫ್ರೇಮ್‌ನಲ್ಲಿ ಮದುಮಗಳ ಮೂಗುಬೊಟ್ಟು ಪೂರ್ತಿ ಹೋಗಿದೆ, ಕೆನ್ನೆ ಮೇಲಿನ ಧೂಳು ಮಾತ್ರ ಫಳಫಳ ಹೊಳೀತಿದೆ.

ಸಪೋರ್ಟ್‌ಗೆ ಬರೆದೆ. ಕೇಬಲ್ ಬದಲಿಸಿ ಅಂದ್ರು, ಬದಲಿಸಿದೆ. ರೀಇನ್‌ಸ್ಟಾಲ್ ಮಾಡಿ ಅಂದ್ರು, ಮಾಡಿದೆ. ಆಮೇಲೆ ಬೇರೆ ಯಾರೋ ಬಂದು ಪುನಃ ಕೇಬಲ್‌ನಿಂದಲೇ ಶುರು ಮಾಡಿದ್ರು. ಮೊನ್ನೆ ‘ನಿಮ್ಮ ಸಮಸ್ಯೆ ಬಗೆಹರಿದಿದೆ, ಎಷ್ಟು ಸ್ಟಾರ್ ಕೊಡ್ತೀರಿ’ ಅಂತ ಮೇಲ್! ಯಾರ ಸಮಸ್ಯೆ ಬಗೆಹರೀತೋ ಏನೋ. ಇವರ ಹತ್ರ ಹೇಗೆ ಮಾತಾಡಿದ್ರೆ ಕೆಲಸ ಆಗುತ್ತೆ? ಹಳೇ ಲ್ಯಾಪ್‌ಟಾಪ್, ಹಳೇ ವರ್ಷನ್ ಎರಡೂ ಇನ್ನೂ ಇವೆ.

ಕತ್ತಲೆಕೋಣೆ:

ಮಸುಕು ಯಾವಾಗ್ಲೂ ಎಡಕ್ಕೇ ಬರುತ್ತೆ ಅಂದ್ರಲ್ಲ, ನನಗೆ ಅಲ್ಲೇ ಅನುಮಾನ. ಕಲರ್ ಫಿಲ್ಮ್‌ನ ಡೈ ಮೂಲಕ ಇನ್‌ಫ್ರಾರೆಡ್ ಬೆಳಕು ಸಲೀಸಾಗಿ ಹಾದುಹೋಗುತ್ತೆ, ಧೂಳು ಮಾತ್ರ ಅಡ್ಡ ನಿಲ್ಲುತ್ತೆ. ಮೂರು ಬಣ್ಣದ ಚಾನೆಲ್ ಜೊತೆ ಸ್ಕ್ಯಾನರ್ ಓದೋ ಆ ನಾಲ್ಕನೇ ಇನ್‌ಫ್ರಾರೆಡ್ ಚಾನೆಲ್ಲೇ ಧೂಳಿನ ನಕ್ಷೆ. ಅದು ಬಣ್ಣದ ಚಾನೆಲ್‌ಗಳ ಮೇಲೆ ಕರೆಕ್ಟಾಗಿ ಕೂರದೆ ಕೆಲವೇ ಪಿಕ್ಸೆಲ್ ಸರಿದ್ರೂ ಸಾಕು, ತೇಪೆ ಹಾಕೋದು ಪಕ್ಕದ ಜಾಗಕ್ಕೆ.

ಊಹೆ ಬೇಡ, ಪರೀಕ್ಷೆ ಮಾಡಿ. ಅದೇ ಫ್ರೇಮನ್ನ ಎರಡೂ ಲ್ಯಾಪ್‌ಟಾಪ್‌ನಲ್ಲಿ 64-ಬಿಟ್ ರಾ (ಏನೂ ತಿದ್ದದ ಮೂಲ ಫೈಲ್) ಆಗಿ ಸ್ಕ್ಯಾನ್ ಮಾಡಿ, ಅಂದ್ರೆ ಮೂರು ಬಣ್ಣ ಮತ್ತು ಇನ್‌ಫ್ರಾರೆಡ್, ಪ್ರತಿಯೊಂದಕ್ಕೂ 16 ಬಿಟ್. ಆಮೇಲೆ ಹಳೇ ವರ್ಷನ್‌ನ ರಾ ಫೈಲನ್ನ ಹೊಸ ವರ್ಷನ್‌ನಲ್ಲಿ ತೆರೆದು ಕ್ಲೀನಿಂಗ್ ಕೊಡಿ. ಚೆನ್ನಾಗಿ ಬಂದ್ರೆ ಕ್ಲೀನಿಂಗ್ ಭಾಗದಲ್ಲಿ ದೋಷ ಇಲ್ಲ, ಹೊಸದು ಸ್ಕ್ಯಾನರ್‌ನಿಂದ ಓದಿಕೊಳ್ಳುವಾಗಲೇ ಎಡವ್ತಿದೆ ಅಂತ ಅರ್ಥ. ಅದೂ ಕೆಟ್ಟು ಬಂದ್ರೆ ದೋಷ ಕ್ಲೀನಿಂಗ್‌ನಲ್ಲೇ. ಇನ್‌ಫ್ರಾರೆಡ್ ಚಾನೆಲ್ ಒಂದನ್ನೇ ತೆರೆದೂ ನೋಡಿ. ಕಲರ್ ನೆಗೆಟಿವ್ ಆದ್ರೆ ಬರೀ ಬೂದು ಬಣ್ಣ, ಅದರ ಮೇಲೆ ಕಪ್ಪು ಚುಕ್ಕೆ, ಗೀರು ಕಾಣಬೇಕು.

ಬ್ಲ್ಯಾಕ್ ಅಂಡ್ ವೈಟ್ ಟ್ರಂಕ್‌ಗೆ ಮಾತ್ರ ಇದನ್ನ ಆನ್ ಮಾಡಬೇಡಿ. ಅದರಲ್ಲಿ ಚಿತ್ರ ಆಗಿರೋದೇ ಬೆಳ್ಳಿಯಿಂದ, ಬೆಳ್ಳಿ ಇನ್‌ಫ್ರಾರೆಡ್ ತಡೆಯುತ್ತೆ, ಆಗ ಮುಖವೇ ಧೂಳು ಅಂತ ಲೆಕ್ಕ. ಇಲ್‌ಫರ್ಡ್ ಎಕ್ಸ್‌ಪಿ2 ಥರ ಕಲರ್ ಕೆಮಿಕಲ್‌ನಲ್ಲಿ ತೊಳೆಯೋ ಬ್ಲ್ಯಾಕ್ ಅಂಡ್ ವೈಟ್ ಫಿಲ್ಮ್ ಆದ್ರೆ ಪರವಾಗಿಲ್ಲ.

ಹಳೇಹುಲಿ:

ಓಡೋ ಕುದುರೆ ಯಾಕೆ ಬದಲಿಸಿದ್ರಿ? ಹಳೇ ಲ್ಯಾಪ್‌ಟಾಪ್‌ನ ನೆಟ್ ಕಿತ್ತು ಸ್ಕ್ಯಾನರ್‌ಗೇ ಅಂತ ಇಟ್ಕೊಳ್ಳಿ. ನಾನು ಇನ್ನೂ ವಿಂಡೋಸ್ ಎಕ್ಸ್‌ಪಿಯಲ್ಲೇ ಇದ್ದೀನಿ, ಸುಖವಾಗಿದ್ದೀನಿ.

ಹುಬ್ಬಳ್ಳಿ_ಮಂದಿ:

ನಾ ಒಂದಷ್ಟು ವರ್ಷ ಸಪೋರ್ಟ್ ಡೆಸ್ಕಿನ ಆ ಕಡೆ ಕುಂತಾಂವ ರೀ, ಬ್ಯಾರೆ ಕಂಪನ್ಯಾಗ. ಅಲ್ಲಿ ಮೊದಲನೇ ಮನಷ್ಯಾಗ ಫಿಲ್ಮ್ ಅಂದ್ರ ಏನಂತನೂ ಗೊತ್ತಿರಂಗಿಲ್ಲ. ಅವನ ಮುಂದ ಒಂದು ಪಟ್ಟಿ ಇರ್ತೈತಿ, ಅದರಾಗ ಕೇಬಲ್ಲೇ ಮೊದಲು. ಅವನ ಮ್ಯಾಲೆ ಸಿಟ್ಟು ಮಾಡಿ ಉಪಯೋಗಿಲ್ಲ. ಪಟ್ಟಿ ನೀವೇ ಮುಗಿಸಿ ಕೊಡ್ರಿ: ಕೇಬಲ್ ಬದಲಿ ಆತು, ರೀಇನ್‌ಸ್ಟಾಲ್ ಆತು, ಅದ ಸ್ಕ್ಯಾನರ್ ಹಳೇ ವರ್ಷನ್‌ನ್ಯಾಗ ಸರಿ ಐತಿ. ಈ ಕಡೀ ಮಾತೇ ಮುಖ್ಯ. ‘ಮೊದಲು ಸರಿ ಇತ್ತು, ಈ ವರ್ಷನ್‌ನಿಂದ ಕೆಟ್ಟೈತಿ’ ಅಂತ ಸಾಬೀತಾದ್ರ ಅದನ್ನ ಡೆವಲಪರ್ ಕಡೆ ದಾಟಿಸೂದು ಅವಂಗೂ ಸಲೀಸು.

ಹೊಸ ಟಿಕೆಟ್ ತೆಗೀಬ್ಯಾಡ್ರಿ, ಹಳೇದಕ್ಕ ಉತ್ತರ ಕೊಟ್ಟು ತೆರೀರಿ. ಸಬ್ಜೆಕ್ಟ್‌ನ್ಯಾಗ ಎರಡೂ ವರ್ಷನ್ ನಂಬರ್ ಹಾಕ್ರಿ. ಮೂಗುಬೊಟ್ಟಿನ ಫೋಟೋ ಕಳಸ್ರಿ, ಹಳೇದು ಹೊಸದು ಜೋಡಿಸಿ. ಅದನ್ನ ನೋಡಿದ ಮ್ಯಾಲೆ ಕೇಬಲ್ ಅನ್ನಾಕ ಯಾರಿಗೂ ಬಾಯಿ ಬರಂಗಿಲ್ಲ.

ಅಲ್ಲೀತನಕ ಲಿನಕ್ಸ್ ನೋಡ್ರಿ. ಅಲ್ಲಿ ಸೇನ್ ಅನ್ನೂ ಸ್ಕ್ಯಾನಿಂಗ್ ಸಾಫ್ಟ್‌ವೇರ್ ಐತಿ, ಅದರ ಕೂಲ್‌ಸ್ಕ್ಯಾನ್3 ಬ್ಯಾಕೆಂಡ್ (ಡ್ರೈವರ್) ನಿಮ್ಮ ಮಾಡೆಲ್ ಹಿಡೀತೈತಿ, ಪುಕ್ಕಟೆ. ಮುಖ ಮಾತ್ರ ಚಂದಿಲ್ಲ.

ಶಿರಸಿ_ಸ್ಟುಡಿಯೋ:

ಪರೀಕ್ಷೆ ಮಾಡಿದೆ. ಹಳೇ ರಾ ಫೈಲ್ ಹೊಸ ವರ್ಷನ್‌ನಲ್ಲಿ ಚೊಕ್ಕ ಕ್ಲೀನ್ ಆಯ್ತು, ಮೂಗುಬೊಟ್ಟೂ ಉಳೀತು. ಹೊಸದರಲ್ಲಿ ತೆಗೆದ ರಾ ಫೈಲ್‌ನ ಇನ್‌ಫ್ರಾರೆಡ್ ಚಾನೆಲ್ ನೋಡಿದ್ರೆ ಎಲ್ಲ ಚುಕ್ಕೆನೂ ಎಡಕ್ಕೆ ಜರುಗಿವೆ. 4000 ಡಿಪಿಐನಲ್ಲೂ 2000ದಲ್ಲೂ ಹಾಗೇ. ಎರಡೂ ಫೈಲ್ ಲಿಂಕ್, ಮೂಗುಬೊಟ್ಟಿನ ಜೋಡಿ ಫೋಟೋ ಹಾಕಿ ಹಳೇ ಟಿಕೆಟ್‌ಗೇ ಉತ್ತರ ಕೊಟ್ಟೆ. ಈ ಸಲ ಕೇಬಲ್ ಮಾತಿಲ್ಲ. ‘ದೋಷ ನಮ್ಮಲ್ಲೂ ಮರುಸೃಷ್ಟಿ ಆಗಿದೆ, ಡೆವಲಪ್‌ಮೆಂಟ್ ತಂಡಕ್ಕೆ ಕಳಿಸಿದ್ದೇವೆ’ ಅಂತ ಬಂತು. ಯಾವಾಗ ಸರಿ ಮಾಡ್ತಾರೆ ಅಂತ ಹೇಳಿಲ್ಲ, ಕೇಳಿದ್ರೂ ಹೇಳೋ ಹಾಗೆ ಕಾಣೋದಿಲ್ಲ.

ಹಳೇಹುಲಿ ಹೇಳಿದ ಹಾಗೇ ಹಳೇ ಲ್ಯಾಪ್‌ಟಾಪ್‌ನ ನೆಟ್ ತೆಗೆದು ಸ್ಕ್ಯಾನ್ ಮಾತ್ರ ಅದರಲ್ಲಿ ಇಟ್ಕೊಂಡೆ. ಎಲ್ಲ 64-ಬಿಟ್ ರಾ. ಒಂದು ಫ್ರೇಮ್ ಸುಮಾರು 170 ಎಂಬಿ, 36ರ ರೋಲ್ ಅಂದ್ರೆ 6 ಜಿಬಿ ಆಗುತ್ತೆ, ಆಗ್ಲಿ. ರಾ ಇದ್ರೆ ಬಣ್ಣ, ಕ್ಲೀನಿಂಗ್ ಎಲ್ಲ ಮುಂದೆ ಯಾವ ಸಾಫ್ಟ್‌ವೇರ್‌ನಲ್ಲಾದ್ರೂ ಮಾಡ್ಬಹುದು, ನೆಗೆಟಿವ್ ಮತ್ತೆ ಮುಟ್ಟಬೇಕಾಗಿಲ್ಲ. 4 ಟಿಬಿ ಡಿಸ್ಕ್ ಎರಡು ಬೇಕು. ಈ ಮಳೆ ನಾಡಿಗೆ ಯಾವುದು ತಗೊಳ್ಳಿ?