ಬೋಪಣ್ಣನ ಹೆಸರಿನಲ್ಲಿ ಒಂದು ವಾಯಿದೆ

ನಾಗರಾಜನಿಗೆ 52 ತುಂಬಿತೆಂಬ ಮಾತು ಬಂದದ್ದೇ ತಡ, ವೆಂಕಟೇಶ ಮೊಬೈಲನ್ನು ಕನ್ನಡಕದ ಮಟ್ಟಕ್ಕೆ ಎತ್ತಿ ಹಿಡಿದು, ಬೆಳಿಗ್ಗೆ ಯಾವುದೋ ಗುಂಪಿನಿಂದ ಬಂದಿದ್ದ ಮತ್ತು ತಾನು ಉಳಿದೆಲ್ಲ ಗುಂಪುಗಳಿಗೆ ಆಗಲೇ ಹಂಚಿ ಮುಗಿಸಿದ್ದ ಸಂದೇಶವನ್ನು ಪುರಾಣ ಓದುವ ರಾಗದಲ್ಲಿ ಓದತೊಡಗಿದನು.

"ರೋಹನ್ ಬೋಪಣ್ಣ 43ನೆಯ ವಯಸ್ಸಿನಲ್ಲಿ ಡಬಲ್ಸ್ ಟೆನಿಸ್‌ನಲ್ಲಿ ಜಗತ್ತಿಗೇ ನಂಬರ್ ಒನ್ ಆದರು. ವಯಸ್ಸೆಂಬುದು ಬರೀ ಸಂಖ್ಯೆ. ನಿಮ್ಮ ಸಮಯವೂ ಬಂದೇ ಬರುತ್ತದೆ, ಕಾಯಿರಿ."

"ಕಾಯಿರಿ ಎಂದು ಬರೆದವನು ಯಾರೋ ಪುಣ್ಯಾತ್ಮ" ಎಂದು ನಾಗರಾಜ ಕಾಲು ಚಾಚಿದನು. "ನಾನು ಪಿಟೀಲು ಕಲಿಯುವುದನ್ನು ಮುಂದಕ್ಕೆ ಹಾಕಿದಾಗಲೆಲ್ಲ ಈ ಮನೆಯಲ್ಲಿ ನನ್ನನ್ನು ಸೋಮಾರಿ ಎಂದು ಕರೆದರೇ ಹೊರತು, ಇವನು ತಡವಾಗಿ ಅರಳುವ ಜಾತಿಯವನಿರಬಹುದೆಂದು ಒಬ್ಬರೂ ಯೋಚಿಸಲಿಲ್ಲ."

"ಪಿಟೀಲೊಂದೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ" ಎಂದರು ಸಾವಿತ್ರಮ್ಮ. "ಕಾರು ಕಲಿಯುವುದು, ಕಾದಂಬರಿ ಮುಗಿಸುವುದು, ಅಟ್ಟದ ಮೇಲಿನ ಹಳೆಯ ಪೇಪರ್ ಮಾರುವುದು, ಎಲ್ಲಕ್ಕೂ ಈಗ ಬೋಪಣ್ಣನವರದೇ ಜಾಮೀನು. ಮೊನ್ನೆ ಬಚ್ಚಲಿನ ನಲ್ಲಿ ಸೋರುತ್ತಿದೆ, ಸರಿ ಮಾಡಿಸಿ ಎಂದರೆ, ಬೋಪಣ್ಣನಿಗೆ ಪುರುಷರ ಡಬಲ್ಸ್‌ನಲ್ಲಿ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಟೆನಿಸ್‌ನ ನಾಲ್ಕು ದೊಡ್ಡ ಪಂದ್ಯಾವಳಿಗಳಲ್ಲೊಂದರ ಪಟ್ಟ, ಸಿಕ್ಕಿದ್ದು 61ನೆಯ ಪ್ರಯತ್ನದಲ್ಲಿ ಎಂದು ಉತ್ತರ ಕೊಟ್ಟರು."

"ಆತ 61 ಸಲ ಅಂಗಳಕ್ಕೆ ಇಳಿದಿದ್ದಾನೆ ನಾಗರಾಜ. ನೀನು ಆ ನಲ್ಲಿಯ ಹತ್ತಿರ ಒಂದು ಸಲವೂ ಹೋಗಿಲ್ಲ" ಎಂದರು ರಾಯರು.

ವೆಂಕಟೇಶನಿಗೆ ತನ್ನ ಸಂದೇಶದ ಗೌರವ ಕಾಪಾಡಿಕೊಳ್ಳಬೇಕಾಗಿತ್ತು. "ಅಂಕಿ ಅಂಶ ಸುಳ್ಳೇನು ರಾಯರೇ? 2024ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ಲಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಸೇರಿ ಇಟಲಿಯ ಬೊಲೆಲ್ಲಿ ಮತ್ತು ವವಾಸೋರಿಯನ್ನು 7-6, 7-5ರಿಂದ ಸೋಲಿಸಿದ್ದು ನಿಜವಲ್ಲವೇ? ನಂಬರ್ ಒನ್ ಪಟ್ಟ ಬಂದಾಗ ಆತನಿಗೆ 43 ವರ್ಷ 331 ದಿನ. ಅಷ್ಟು ವಯಸ್ಸಾದ ಮೇಲೆ ಮೊದಲ ಸಲ ಆ ಜಾಗಕ್ಕೆ ಏರಿದವರು ಬೇರೆ ಯಾರೂ ಇಲ್ಲ."

"ಅಂಕಿಯೆಲ್ಲ ನಿಜ. ಆದರೆ ನಿನ್ನ ಸಂದೇಶ ಬರೆದವನು 2024ಕ್ಕೆ ಎದ್ದು ಕುಳಿತಿದ್ದಾನೆ, ಅದಕ್ಕೆ ಮೊದಲಿನದು ಅವನಿಗೆ ಗೊತ್ತಿಲ್ಲ. ಕೊಡಗಿನ ಕಾಫಿ ಬೆಳೆಗಾರರ ಮನೆಯ ಆ ಹುಡುಗ ರ‍್ಯಾಕೆಟ್ ಹಿಡಿದದ್ದು 11ನೆಯ ವಯಸ್ಸಿನಲ್ಲಿ, ದೇಶದ ಪರ ಡೇವಿಸ್ ಕಪ್ ಆಡಿದ್ದು 2002ರಲ್ಲಿ, ವೃತ್ತಿಪರನಾದದ್ದು 2003ರಲ್ಲಿ. 2010ರಲ್ಲಿ ಲಾಹೋರಿನ ಐಸಾಮ್ ಉಲ್ ಹಕ್ ಖುರೇಷಿಯ ಜೊತೆ ಅಮೆರಿಕನ್ ಓಪನ್ ಫೈನಲ್ ತಲುಪಿದಾಗ, ಎರಡೂ ದೇಶಗಳ ವಿಶ್ವಸಂಸ್ಥೆಯ ರಾಯಭಾರಿಗಳು ಪಕ್ಕಪಕ್ಕ ಕುಳಿತು ಚಪ್ಪಾಳೆ ತಟ್ಟಿದರು. 2013ರಲ್ಲಿ ಆತ ಡಬಲ್ಸ್‌ನಲ್ಲಿ ಜಗತ್ತಿನ ಮೂರನೆಯ ಸ್ಥಾನದಲ್ಲಿದ್ದ. 2017ರಲ್ಲಿ ಗೇಬ್ರಿಯೆಲಾ ಡಬ್ರೋವ್‌ಸ್ಕಿಯ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದ. ಇದನ್ನು ತಡವಾಗಿ ಅರಳುವುದು ಎನ್ನುವುದಾದರೆ, ಬೇಗ ಅರಳಿದ ನಾವೆಲ್ಲ ಎಲ್ಲಿದ್ದೇವೆ ಎಂದು ಸ್ವಲ್ಪ ಹುಡುಕಿಕೊಡು."

ಅಷ್ಟು ಹೊತ್ತು ಮಾತಾಡದೆ ಕುಳಿತಿದ್ದ ಪೊನ್ನಪ್ಪ ಈಗ ಬಾಯಿ ಬಿಟ್ಟರು. "ನಮ್ಮ ಕಡೆ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ತೋಟವೆಲ್ಲ ಬೆಳ್ಳಗಾಗುತ್ತದೆ. ಆಗ ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದವರು, ಒಂದೇ ಮಳೆಗೆ ಎಷ್ಟು ಹೂವು ಎಂದು ಫೋಟೋ ತೆಗೆಯುತ್ತಾರೆ. ಮೊಗ್ಗು ಅದಕ್ಕೆ ಎಷ್ಟೋ ಮುಂಚೆ ಗೆಣ್ಣುಗಳಲ್ಲಿ ಕಟ್ಟಿ ಕುಳಿತಿರುತ್ತದೆ. ಮೊಗ್ಗೇ ಇಲ್ಲದ ಗಿಡಕ್ಕೆ ಯಾವ ಮಳೆ ಬಂದರೂ ಸೊಪ್ಪು ಮಾತ್ರ."

"ಕೇಳಿದಿರಾ?" ಎಂದು ಸಾವಿತ್ರಮ್ಮ ಗಂಡನ ಕಡೆ ತಿರುಗಿದರು. ತನ್ನಲ್ಲಿರುವುದು ಮೊಗ್ಗೋ ಸೊಪ್ಪೋ ಎಂಬುದು ಇನ್ನೂ ತೀರ್ಮಾನವಾಗಬೇಕಾದ ವಿಷಯ ಎಂದು ನಾಗರಾಜ ಅದಕ್ಕೂ ವಾಯಿದೆ ಕೇಳಿದನು.

ರಾಯರು ಬಿಡಲಿಲ್ಲ. "ಇನ್ನೊಂದು ಸಂಖ್ಯೆಯನ್ನು ನಿಮ್ಮ ಗುಂಪಿನಲ್ಲಿ ಯಾರೂ ಹಂಚುವುದಿಲ್ಲ. ಅದು 213. ಸಿಂಗಲ್ಸ್‌ನಲ್ಲಿ ಬೋಪಣ್ಣ ಏರಿದ ಅತ್ಯುನ್ನತ ಸ್ಥಾನ ಅದು, 2007ರಲ್ಲಿ. ವಯಸ್ಸು ಬರೀ ಸಂಖ್ಯೆಯೆಂದು ನಂಬಿ ಆತ ಕಾಯುತ್ತಾ ಕುಳಿತಿದ್ದರೆ ಇವತ್ತಿಗೂ ಸಿಂಗಲ್ಸ್ ಅರ್ಹತಾ ಸುತ್ತುಗಳಲ್ಲಿ ಸೋಲುತ್ತಿದ್ದ. ಒಂದು ಕೆಲಸ ತನ್ನದಲ್ಲವೆಂದು ಗೊತ್ತಾದ ಮೇಲೆ ಅದನ್ನು ಬಿಟ್ಟು, ತನ್ನ ಭಾರಿ ಸರ್ವಿಸ್ ಎಲ್ಲಿ ಬೆಲೆ ತರುತ್ತದೋ ಆ ಅಂಗಳಕ್ಕೆ ಹೋದ. ನಾಗರಾಜ, ನೀನು ಪಿಟೀಲು, ಕಾರು, ಕಾದಂಬರಿ ಮೂರನ್ನೂ ಹಿಡಿದುಕೊಂಡು ಕುಳಿತಿದ್ದೀಯೆ, ಒಂದನ್ನೂ ಬಿಡುವುದಿಲ್ಲ, ಒಂದನ್ನೂ ಮುಟ್ಟುವುದಿಲ್ಲ."

"ಡಬಲ್ಸ್ ಎಂದರೆ ಸುಲಭ ಬಿಡಿ, ಅರ್ಧ ಅಂಗಳವನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ" ಎಂದು ನಾಗರಾಜ ಪಕ್ಷ ಬದಲಿಸಿದನು. ಒಂದು ಗಳಿಗೆಯ ಹಿಂದೆ ತನ್ನ ಕುಲದೇವರಾಗಿದ್ದವನನ್ನು ಇಷ್ಟು ಬೇಗ ಕೈಬಿಟ್ಟದ್ದನ್ನು ಕಂಡು ಪೊನ್ನಪ್ಪನವರಿಗೇ ಕೆಡುಕೆನಿಸಿತು.

"ಸುಲಭವೆಂದು ನಾನು ಹೇಳುವುದಿಲ್ಲ, ದೇಹಕ್ಕೆ ಸ್ವಲ್ಪ ಕರುಣೆ ಇದೆ ಎನ್ನುತ್ತೇನೆ" ಎಂದರು ರಾಯರು. "ಪುರುಷರ ಟೆನಿಸ್ ನಡೆಸುವ ಎಟಿಪಿ ಸಂಸ್ಥೆಯ ಪಂದ್ಯಾವಳಿಗಳಲ್ಲಿ ಡಬಲ್ಸ್‌ಗೆ ಮೂರನೆಯ ಸೆಟ್ಟೇ ಇಲ್ಲ, ಅದರ ಬದಲು ಹತ್ತು ಅಂಕಗಳ ಟೈಬ್ರೇಕ್ ಆಡಿಸುತ್ತಾರೆ. 2023ರ ಮಾರ್ಚಿನಲ್ಲಿ ಇಂಡಿಯನ್ ವೆಲ್ಸ್ ಫೈನಲ್ಲನ್ನು ಬೋಪಣ್ಣ ಮತ್ತು ಎಬ್ಡೆನ್ ಗೆದ್ದದ್ದು ಅಂಥ ಟೈಬ್ರೇಕಿನಲ್ಲೇ, 10-8ರಿಂದ. ಹಾಗೆಂದು ಕೂತು ಗೆದ್ದದ್ದಲ್ಲ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು; ಕೋವಿಡ್ ಕಾಲದಲ್ಲಿ ಅಯ್ಯಂಗಾರ್ ಪದ್ಧತಿಯ ಯೋಗ ಹಿಡಿದು ಕಾಲಿಗೆ ಬಲ ತಂದುಕೊಂಡ. ಆ ಪದ್ಧತಿಯನ್ನು ಕಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ, ಆದ್ದರಿಂದ ಈ ಗೆಲುವಿನಲ್ಲಿ ಕೋಲಾರಕ್ಕೂ ಒಂದು ಪಾಲು ಬರೆದುಕೊಳ್ಳಬಹುದು."

"ಜೊತೆಗಾರರನ್ನು ಬದಲಿಸಿದ್ದರಲ್ಲೂ ಗುಟ್ಟಿದೆ" ಎಂದ ವೆಂಕಟೇಶ. "ಗ್ರ್ಯಾಂಡ್ ಸ್ಲ್ಯಾಮ್ ಪುರುಷರ ಡಬಲ್ಸ್‌ನಲ್ಲಿ ಎಬ್ಡೆನ್ ಆತನ 19ನೆಯ ಜೊತೆಗಾರನಂತೆ."

"ನನಗೆ ಆ ಅವಕಾಶವೂ ಇಲ್ಲ" ಎಂದು ನಾಗರಾಜ ನಿಟ್ಟುಸಿರು ಬಿಟ್ಟನು. ಮೊದಲ ಸುತ್ತಿನಲ್ಲೇ ಸೋಲುವವನನ್ನು ಎರಡನೆಯ ಸಲ ಯಾರೂ ಜೊತೆಗೆ ಕರೆಯುವುದಿಲ್ಲ, ತಾನೊಬ್ಬಳೇ ಸಿಕ್ಕಿಬಿದ್ದದ್ದು ಎಂದು ಸಾವಿತ್ರಮ್ಮ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಆಗ ಪೊನ್ನಪ್ಪನವರಿಗೆ ಏನೋ ನೆನಪಾಯಿತು. "ವೆಂಕಟೇಶ, 2021ರಲ್ಲಿ ಆತ ತಿಂಗಳುಗಟ್ಟಲೆ ಸೋಲುತ್ತಿದ್ದಾಗ, ಹಿರಿಯರು ಗೌರವದಿಂದ ಜಾಗ ಬಿಟ್ಟುಕೊಡುವುದನ್ನು ಕಲಿಯಬೇಕೆಂಬ ಸಂದೇಶವೊಂದು ನಿಮ್ಮಿಂದ ಬಂದಿತ್ತಲ್ಲವೇ? ಅದರ ಕೆಳಗೂ ಇದೇ ಸೂರ್ಯೋದಯದ ಚಿತ್ರವಿತ್ತು."

ವೆಂಕಟೇಶ ಮೊಬೈಲಿನಲ್ಲಿ ಏನನ್ನೋ ಹುಡುಕುವವನಂತೆ ತಲೆ ತಗ್ಗಿಸಿದನು. ಮುಲಾಜು ನೋಡುವ ಅಭ್ಯಾಸ ರಾಯರಿಗೆ ಇರಲಿಲ್ಲ. "ಅದೇ ನನ್ನ ತಕರಾರು. ಆ ವರ್ಷ ಆಟ ಬಿಟ್ಟುಬಿಡಲೇ ಎಂದು ಆತನಿಗೂ ಅನ್ನಿಸಿತ್ತು, ಮುಂದೆ ಆತನೇ ಹೇಳಿಕೊಂಡಿದ್ದಾನೆ. ಬಿಟ್ಟಿದ್ದರೆ ನೀನು ವಿವೇಕ ಎನ್ನುತ್ತಿದ್ದೆ, ಬಿಡಲಿಲ್ಲವಾದ್ದರಿಂದ ಛಲ ಎನ್ನುತ್ತಿದ್ದೀಯೆ. ಮೆಲ್ಬರ್ನ್‌ನ ಆ ಫೈನಲ್ಲಿನಲ್ಲಿ ನಾಲ್ಕು ಚೆಂಡು ಆಚೆ ಬಿದ್ದಿದ್ದರೆ, ಅದೇ ಮೊಣಕಾಲು, ಅದೇ ಇಪ್ಪತ್ತು ವರ್ಷಗಳ ವಿಮಾನ ಪ್ರಯಾಣ, ಅದೇ ಮುಂಜಾನೆಯ ಅಭ್ಯಾಸ ಇದ್ದೂ ನಿನ್ನ ಗುಂಪಿನಲ್ಲಿ ಆತನಿಗೆ ಒಂದು ಸಾಲೂ ಸಿಗುತ್ತಿರಲಿಲ್ಲ."

"ಈಗ ಆತನೂ ನಿವೃತ್ತಿಯಾದನಲ್ಲ" ಎಂದ ನಾಗರಾಜ. ಅವನ ದನಿಯಲ್ಲಿ ತನ್ನ ಜಾಮೀನುದಾರನನ್ನೇ ಕಳೆದುಕೊಂಡವನ ಚಿಂತೆ ಇತ್ತು.

"2025ರ ನವೆಂಬರ್ 1ರಂದು, ನಾವೆಲ್ಲ ಬಾವುಟ ಹಾರಿಸುತ್ತಿದ್ದ ದಿನವೇ. ವಯಸ್ಸು 45. ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿದದ್ದನ್ನು ಆತ ಕೆಳಗಿಟ್ಟ. ನಾಗರಾಜ, ನೀನು ಪಿಟೀಲಿಗೆ ವಿದಾಯ ಹೇಳಬೇಕೆಂದರೂ ಮೊದಲು ಅದನ್ನು ಕೊಂಡು ತರಬೇಕು."

ನಾಗರಾಜ ನಕ್ಕನು, ಆದರೆ ನಗು ಅರ್ಧಕ್ಕೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅವನು ಎಂದಿನ ತಮಾಷೆಯ ದನಿ ಬಿಟ್ಟು ಕೇಳಿದನು. "ಅಲ್ಲ ರಾಯರೇ, ಹಾಗೆಯೇ ಕೊನೆಯವರೆಗೆ ಆಡಿ, 61ನೆಯದೂ ಸಿಗದವರು ಇರುತ್ತಾರಲ್ಲವೇ?"

"ಇದ್ದಾರೆ. ದೂರ ಹೋಗಬೇಕಾಗಿಲ್ಲ, ಆ ಐಸಾಮ್ ಖುರೇಷಿಯನ್ನೇ ನೋಡು. ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು, ಆತ ಹುಟ್ಟಿದ್ದು ಅದೇ ತಿಂಗಳ 17ರಂದು. 2010ರ ಅಮೆರಿಕನ್ ಓಪನ್‌ನಲ್ಲಿ ಬೋಪಣ್ಣನ ಜೊತೆ ಬ್ರಯಾನ್ ಸಹೋದರರ ಎದುರು ಎರಡೂ ಸೆಟ್ಟುಗಳನ್ನು ಟೈಬ್ರೇಕಿನಲ್ಲಿ ಕಳೆದುಕೊಂಡ, ಅದೇ ವರ್ಷ ಅಲ್ಲಿಯೇ ಮಿಶ್ರ ಡಬಲ್ಸ್ ಫೈನಲ್ಲಿನಲ್ಲೂ ಸೋತ. ಆಮೇಲೆ ಎಷ್ಟೋ ವರ್ಷ ಆಡಿದ. ಗ್ರ್ಯಾಂಡ್ ಸ್ಲ್ಯಾಮ್ ಪ್ರಶಸ್ತಿ ಅವನ ಪಾಲಿಗೆ ಬರಲೇ ಇಲ್ಲ. ಈಗ ಪಾಕಿಸ್ತಾನದ ಟೆನಿಸ್ ಫೆಡರೇಷನ್ ನಡೆಸುವ ಹೊಣೆ ಹೊತ್ತಿದ್ದಾನೆ."

ಯಾರೂ ಮಾತಾಡಲಿಲ್ಲ. ವೆಂಕಟೇಶ ಮಾತ್ರ ಅಷ್ಟನ್ನೂ ಬೆರಳಲ್ಲಿ ಒತ್ತಿ ಒತ್ತಿ ಬರೆದುಕೊಂಡು ತಲೆ ಎತ್ತಿದನು.

"ಇದೂ ಚೆನ್ನಾಗಿದೆ ರಾಯರೇ, ಈಗಲೇ ಕಳುಹಿಸುತ್ತೇನೆ. ಕೊನೆಯಲ್ಲಿ ನೀತಿ ಏನೆಂದು ಹಾಕಲಿ?"

"ಏನೂ ಹಾಕಬೇಡ."

"ನೀತಿಯಿಲ್ಲದೆ ಕಳುಹಿಸಿದರೆ ಗುಂಪಿನಲ್ಲಿ ಒಬ್ಬರೂ ಹೆಬ್ಬೆರಳು ಎತ್ತುವುದಿಲ್ಲವಲ್ಲ" ಎಂದು ವೆಂಕಟೇಶ ನಿಜವಾಗಿಯೂ ನೊಂದುಕೊಂಡನು.