ಬೆಂಕಿಯ ನಕ್ಷೆ ಮಾಡಿಕೊಟ್ಟರೂ ಬಳಕೆಯಾಗಲಿಲ್ಲ: ಸಂಶೋಧನೆಯ ಮಾಹಿತಿಯನ್ನು ಅರಣ್ಯ ಕಚೇರಿಗಳಿಗೆ ಹೇಗೆ ತಲುಪಿಸಬೇಕು?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಗದಗ ಮತ್ತು ಹಾವೇರಿ ಜಿಲ್ಲೆಗಳ ಒಣ ಗುಡ್ಡಗಳಲ್ಲಿ ಸಂಕ್ರಾಂತಿ ಕಳೆದ ಮೇಲೆ ಹುಲ್ಲಿಗೆ ಬೀಳುವ ಬೆಂಕಿ ನನ್ನ ಪಿಎಚ್.ಡಿ. ಅಧ್ಯಯನದ ವಿಷಯ. ಸೆಂಟಿನೆಲ್-2 ಉಪಗ್ರಹದ ಉಚಿತ ಚಿತ್ರಗಳನ್ನು ಐದೈದು ದಿನಗಳ ಅಂತರದಲ್ಲಿ ಹೋಲಿಸಿ, ಮೂರು ಬೇಸಿಗೆಗಳಲ್ಲಿ ಎಲ್ಲೆಲ್ಲಿ ಎಷ್ಟು ನೆಲ ಸುಟ್ಟಿತು, ಯಾವ ಜಾಗ ಮತ್ತೆ ಮತ್ತೆ ಸುಟ್ಟಿತು ಎಂಬುದನ್ನು ನಕ್ಷೆಗೆ ಇಳಿಸಿದ್ದೇನೆ. ಹುಲ್ಲು ಸುಟ್ಟ ಕಪ್ಪು ಗುರುತು ಒಂದೆರಡು ಅಡ್ಡಮಳೆಗೆ ಅಳಿಸಿಹೋಗುವುದರಿಂದ ಈ ಕೆಲಸವನ್ನು ಆಯಾ ಹಂಗಾಮಿನ ಚಿತ್ರಗಳಿಂದಲೇ ಮಾಡಬೇಕಾಗುತ್ತದೆ.

ಬೆಂಕಿ ರೇಖೆ (ಬೆಂಕಿ ಹರಡದಂತೆ ಹುಲ್ಲು ತೆಗೆದ ಪಟ್ಟಿ) ತೆಗೆಯುವವರಿಗೂ ಕಾವಲು ಹಾಕುವವರಿಗೂ ಇದು ನೆರವಾದೀತೆಂಬ ಆಸೆಯಿಂದ ಕಳೆದ ಫೆಬ್ರುವರಿಯಲ್ಲಿ ಒಂದು ಕಚೇರಿಗೆ ಹೋಗಿ, ಎಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟು ಬಂದೆ. ಯಾವ ಕಚೇರಿ ಎಂಬುದು ಇಲ್ಲಿ ಮುಖ್ಯವಲ್ಲ; ಅಲ್ಲಿಯವರು ಚಹಾ ಕೊಟ್ಟು ಪ್ರೀತಿಯಿಂದಲೇ ಮಾತನಾಡಿಸಿದರು. ಎರಡು ತಿಂಗಳ ನಂತರ ಮತ್ತೆ ಹೋದಾಗ ಗುಮಾಸ್ತರು ಡ್ರಾಯರ್ ಎಳೆದು, "ನಿಮ್ಮ ಪೆನ್‌ಡ್ರೈವ್ ಜ್ವಾಕಿಯಿಂದ ಇಟ್ಟೀವ್ರಿ ಮೇಡಂ" ಎಂದು ನಾನು ಕೊಟ್ಟಿದ್ದ ಲಕೋಟೆಯನ್ನೇ ತೋರಿಸಿದರು. ಅದರ ಅಂಟು ಬಿಚ್ಚಿರಲಿಲ್ಲ.

ಸಂಶೋಧಕರು ಮಾಡಿದ ಕೆಲಸ ಇಲಾಖೆಯ ಕೈಗೆ ನಿಜವಾಗಿ ಸಿಗಬೇಕಾದರೆ ಅದನ್ನು ಯಾವ ರೂಪದಲ್ಲಿ, ಯಾವಾಗ, ಯಾರಿಗೆ ಕೊಡಬೇಕು? ಇದಲ್ಲದೆ, ಓಡಾಟದಲ್ಲಿ ಕಂಡ ತೋಳಗಳ ಗವಿಗಳ ಜಿಪಿಎಸ್ ಗುರುತುಗಳೂ ನನ್ನ ಬಳಿ ಇವೆ. ಅವನ್ನೂ ಇದರ ಜೊತೆಗೆ ಕೊಡಬಹುದೇ? ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ವಲಯ ಅರಣ್ಯಾಧಿಕಾರಿ, ಗದಗ

ತಂಗಿ, ಲಕೋಟೆ ಬಿಚ್ಚದೇ ಇದ್ದದ್ದು ತಪ್ಪು, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ನೀವು ಹೋದ ಕಾಲವೂ ಸರಿಯಿರಲಿಲ್ಲ. ಫೆಬ್ರುವರಿಯಲ್ಲಿ ಗಾರ್ಡ್, ಫಾರೆಸ್ಟರ್, ಕಾವಲುಗಾರರೆಲ್ಲ ಗುಡ್ಡದ ಮೇಲೆ ಇರುತ್ತಾರೆ. ಕಚೇರಿಯಲ್ಲಿ ಉಳಿಯುವವರು ಟಪಾಲು ನೋಡುವವರು ಮಾತ್ರ. ಬೆಂಕಿ ರೇಖೆ ತೆಗೆಯುವ ಕೆಲಸ ಡಿಸೆಂಬರ್, ಜನವರಿಯಲ್ಲಿ ನಡೆಯುತ್ತದೆ, ಯಾವ ಬೀಟ್‌ನಲ್ಲಿ (ಒಬ್ಬ ಗಾರ್ಡ್‌ನ ಕಾವಲಿಗೆ ಸೇರಿದ ಭಾಗದಲ್ಲಿ) ಎಷ್ಟು ಉದ್ದ ತೆಗೆಯಬೇಕೆಂಬ ಅಂದಾಜು ಅದಕ್ಕೂ ಮೊದಲೇ ಆಗಿರುತ್ತದೆ. ನಿಮ್ಮ ನಕ್ಷೆ ದಸರೆಯಿಂದ ದೀಪಾವಳಿಯೊಳಗೆ ಮೇಜಿನ ಮೇಲಿದ್ದರೆ ಆ ಅಂದಾಜು ಬದಲಾಗುವ ಸಾಧ್ಯತೆ ಇರುತ್ತದೆ. ಆಮೇಲೆ ಬಂದದ್ದು ಎಷ್ಟೇ ನಿಖರವಾಗಿದ್ದರೂ ಮುಂದಿನ ವರ್ಷದ ಕಾಗದವೇ.

ಎರಡನೆಯ ಮಾತು, ನಮ್ಮ ಕೆಲಸ ನಡೆಯುವುದು ಬೀಟ್ ಲೆಕ್ಕದಲ್ಲಿ. ನಿಮ್ಮ ನಕ್ಷೆಯಲ್ಲಿ ಅಕ್ಷಾಂಶ, ರೇಖಾಂಶ ಇರುತ್ತವೆ. ಗಾರ್ಡ್‌ನ ತಲೆಯಲ್ಲಿ ಹಳ್ಳ, ದಿನ್ನೆ, ಗುಡಿ, ಕುರಿದೊಡ್ಡಿ ಮತ್ತು ಗಾಳಿಯಂತ್ರದ ಕಂಬದ ಮೇಲೆ ಬರೆದ ನಂಬರು ಇರುತ್ತವೆ. "ಈ ಬೀಟ್‌ನಲ್ಲಿ, ಈ ಹಳ್ಳದ ಮೂಡಲ ಮಗ್ಗುಲು, ಮೂರು ವರ್ಷದಲ್ಲಿ ಮೂರು ಸಲ ಸುಟ್ಟಿದೆ" ಎಂಬ ಒಂದು ಸಾಲು ಬರೆದುಕೊಟ್ಟರೆ ಅದನ್ನು ಓದಿದವನು ಮರುದಿನವೇ ಅಲ್ಲಿಗೆ ಹೋಗಿ ನಿಲ್ಲಬಲ್ಲ.

ಉಪಗ್ರಹದ ಎಚ್ಚರಿಕೆ ನಮಗೆ ಹೊಸದೇನಲ್ಲ. ಡೆಹರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದಲೂ ಬೆಂಕಿ ಕಂಡ ಸ್ಥಳಗಳನ್ನು ರಾಜ್ಯಗಳಿಗೆ ತಿಳಿಸುತ್ತ ಬಂದಿದೆ; ಈಗ ಹೆಸರು ನೋಂದಾಯಿಸಿದ ಯಾರ ಮೊಬೈಲ್‌ಗಾದರೂ ಸಂದೇಶ ಬರುತ್ತದೆ. ಆದರೆ ಅದರ ಮಿತಿ ನಮ್ಮ ಕಡೆಯ ಹುಲ್ಲುಗುಡ್ಡಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಉಪಗ್ರಹದಲ್ಲಿದ್ದು ಬೆಂಕಿಯ ಶಾಖ ಗುರುತಿಸುವ ವೀರ್ಸ್ ಉಪಕರಣ ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ನಡುರಾತ್ರಿ ಸುಮಾರು ಒಂದೂವರೆ ಗಂಟೆಗೆ. ಸಂಜೆ ನಾಲ್ಕಕ್ಕೆ ಹತ್ತಿದ ಹುಲ್ಲಿನ ಬೆಂಕಿ ಗಾಳಿಗೆ ಓಡಿ ಎಂಟು ಗಂಟೆಗೆ ತಾನಾಗಿಯೇ ಆರಿದರೆ ಅದು ಎರಡೂ ಸಲ ತಪ್ಪಿಸಿಕೊಳ್ಳುತ್ತದೆ. ಇನ್ನು ಸಂದೇಶದಲ್ಲಿ ಬರುವ ಬಿಂದು ಬೆಂಕಿಯ ಜಾಗವಲ್ಲ, 375 ಮೀಟರ್ ಚೌಕದ ನಡುಬಿಂದು; ಅಂದರೆ ಸುಮಾರು 14 ಹೆಕ್ಟೇರಿನಲ್ಲಿ ಎಲ್ಲಾದರೂ ಇರಬಹುದು. ಆ ಚೌಕದ ಅರ್ಧ ಗುಡ್ಡ, ಅರ್ಧ ಹೊಲ ಆಗಿದ್ದರೆ, ರೈತ ಗೋವಿನಜೋಳದ ದಂಟು ಸುಟ್ಟದ್ದಕ್ಕೂ ಗಾರ್ಡ್ ಬೈಕ್ ಏರಿ ಓಡಬೇಕಾಗುತ್ತದೆ. ನಾಲ್ಕು ಸಲ ಹೀಗೆ ಓಡಿದವನು ಐದನೆಯ ಸಂದೇಶವನ್ನು ಹೇಗೆ ನೋಡುತ್ತಾನೆಂದು ನೀವೇ ಊಹಿಸಿ.

ಆದ್ದರಿಂದಲೇ ನಿಮ್ಮ ಸುಟ್ಟ ಜಾಗದ ನಕ್ಷೆಗೆ ಬೆಲೆ ಇದೆ. ಆ ಸಂಜೆಯ ಬೆಂಕಿಗಳು ಅದರಲ್ಲಿ ಸಿಕ್ಕಿರುತ್ತವೆ. ಆದರೆ ಕೊಡುವುದಕ್ಕಷ್ಟೇ ಹೋಗಬೇಡಿ, ಕೇಳುವುದಕ್ಕೂ ಹೋಗಿರಿ. ಪ್ರತಿ ವಲಯದಲ್ಲೂ ಬೆಂಕಿ ಪ್ರಕರಣಗಳ ದಾಖಲೆ ಇರುತ್ತದೆ, ಗಾರ್ಡ್ ಬರೆಯುವ ದಿನಚರಿ ಇರುತ್ತದೆ. ನಿಮ್ಮ ನಕ್ಷೆಯನ್ನು ಅವುಗಳ ಪಕ್ಕದಲ್ಲಿಟ್ಟು, ಎಲ್ಲಿ ಎರಡೂ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಎಂದು ಗಾರ್ಡ್‌ಗಳ ಜೊತೆ ಅರ್ಧ ದಿನ ಕುಳಿತು ನೋಡಿದರೆ, ಆ ನಕ್ಷೆ ನಿಮ್ಮೊಬ್ಬರದೇ ಆಗಿ ಉಳಿಯುವುದಿಲ್ಲ, ಅದನ್ನು ಡ್ರಾಯರ್‌ಗೆ ಹಾಕಲು ಅವರೂ ಬಿಡುವುದಿಲ್ಲ.

ಉತ್ತರ 2: ಜಿಐಎಸ್ (ಕಂಪ್ಯೂಟರ್ ನಕ್ಷೆ) ತಂತ್ರಜ್ಞ, ಹುಬ್ಬಳ್ಳಿ

ಸರ್ ಕಾಲದ ಮಾತು ಹೇಳಿದರು. ನಾನು ಪೆನ್‌ಡ್ರೈವ್‌ನ ಒಳಗಿನ ಮಾತು ಹೇಳುತ್ತೇನೆ. ಲಕೋಟೆ ಬಿಚ್ಚಿದ್ದರೂ ಫೈಲು ತೆರೆಯುತ್ತಿತ್ತೇ ಎಂಬ ಅನುಮಾನ ನನಗಿದೆ. ಮೇಡಂ, ನೀವು ಕೊಟ್ಟದ್ದು ಶೇಪ್‌ಫೈಲ್ (ಜಿಐಎಸ್ ತಂತ್ರಾಂಶ ಓದುವ ನಕ್ಷೆಯ ಫೈಲು) ಆಗಿದ್ದರೆ, ಅದು ಹೆಸರಿಗೆ ಒಂದು ಫೈಲಾದರೂ ನಿಜದಲ್ಲಿ ಮೂರು ನಾಲ್ಕು ಫೈಲುಗಳ ಕಟ್ಟು. ನನ್ನ ಬಳಿ ಬರುವ ಹತ್ತರಲ್ಲಿ ಮೂರು ನಾಲ್ಕು ಜನ ಎಸ್ಎಚ್‌ಪಿ ಎಂದು ಕೊನೆಯಾಗುವ ಒಂದನ್ನಷ್ಟೇ ತಂದು "ಇದು ತೆರೆಯುತ್ತಿಲ್ಲ" ಎನ್ನುತ್ತಾರೆ. ಜೊತೆಗೆ ಪಿಆರ್‌ಜೆ ಫೈಲು ಇಲ್ಲದಿದ್ದರೆ ಅಳತೆಯ ಪದ್ಧತಿ ಯಾವುದೆಂದು ತಂತ್ರಾಂಶಕ್ಕೆ ತಿಳಿಯುವುದಿಲ್ಲ, ನಕ್ಷೆ ಎಲ್ಲೋ ಸಮುದ್ರದಲ್ಲಿ ಹೋಗಿ ಕೂರುತ್ತದೆ. ಕಚೇರಿಗೆ ಕೊಡುವಾಗ ಕೆಎಂಎಲ್ ರೂಪದಲ್ಲಿ ಕೊಡಿ. ಅದು ಮೊಬೈಲ್‌ನ ಗೂಗಲ್ ಅರ್ಥ್‌ನಲ್ಲೂ ತೆರೆಯುತ್ತದೆ. ಶೇಪ್‌ಫೈಲನ್ನು ವಿಭಾಗದ ಕಚೇರಿಯಲ್ಲಿ ಜಿಐಎಸ್ ನೋಡಿಕೊಳ್ಳುವವರಿಗೆ ಪ್ರತ್ಯೇಕವಾಗಿ, ಎಲ್ಲ ತುಣುಕುಗಳನ್ನೂ ಜಿಪ್ ಮಾಡಿ ಕಳಿಸಿ.

ಕನ್ನಡದ ತೊಂದರೆ ಬೇರೆಯೇ ಇದೆ. ಶೇಪ್‌ಫೈಲ್‌ನ ಪಟ್ಟಿಯಲ್ಲಿ ಕಾಲಂ ಹೆಸರು ಹತ್ತು ಅಕ್ಷರ ಮೀರುವಂತಿಲ್ಲ, ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಮಾನ ಸಂಕೇತ ಪದ್ಧತಿ) ಎಂದು ಸ್ಪಷ್ಟವಾಗಿ ಸೂಚಿಸದಿದ್ದರೆ ಊರಿನ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತವೆ. ಇತ್ತ ಕಚೇರಿಗಳ ಹಳೆಯ ಕಡತಗಳು ಬಹಳಷ್ಟು ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಇವೆ. ಅವು ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಇಂಗ್ಲಿಷ್ ಅಕ್ಷರಗಳ ಗೋಜಲು. ನಿಮ್ಮ ಪಟ್ಟಿಯಲ್ಲಿರುವ ಹಳ್ಳಿಯನ್ನು ಅವರ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದೇ ಇಲ್ಲ. ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಆದರೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿಯೇ ಮುಂದುವರಿಯಬೇಕು.

ಹೆಸರನ್ನೇ ನಂಬಿದರೂ ಕೆಡುತ್ತದೆ. ಬಂಕಾಪುರ ಎಂದಾಗ ಹಾವೇರಿಯವರಿಗೆ ಶಿಗ್ಗಾವಿ ತಾಲ್ಲೂಕಿನ ಕೋಟೆಯೂ ನವಿಲುಗಳೂ ನೆನಪಾಗುತ್ತವೆ. ಕೊಪ್ಪಳದವರಿಗೆ ಗಂಗಾವತಿ ತಾಲ್ಲೂಕಿನ, ತೋಳಗಳಿಗೆ ಹೆಸರಾದ ಬಂಕಾಪುರ ನೆನಪಾಗುತ್ತದೆ. ಎರಡೂ ವನ್ಯಜೀವಿಗಳ ಪಟ್ಟಿಯಲ್ಲೇ ಬರುವ ಊರುಗಳು. ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮಕ್ಕೂ ಒಂದು ಸಂಕೇತ ಸಂಖ್ಯೆ ಇದೆ. ಊರಿನ ಹೆಸರಿನ ಪಕ್ಕದಲ್ಲಿ ಅದನ್ನೂ ಬರೆದರೆ ಈ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು, ನಾನು ಎಲ್ಲರಿಗೂ ಹೇಳಿ ಸಾಕಾಗಿರುವ ವಿಷಯ. ಜಿಪಿಎಸ್‌ನಲ್ಲಿ 15 ಡಿಗ್ರಿ 14 ನಿಮಿಷ 30 ಸೆಕೆಂಡ್ ಎಂದು ತೋರಿಸಿದ್ದನ್ನು ಎಕ್ಸೆಲ್‌ನಲ್ಲಿ 15.1430 ಎಂದು ಹೊಡೆದುಬಿಡುತ್ತಾರೆ. ಅದರ ಸರಿಯಾದ ದಶಮಾಂಶ ರೂಪ 15.2417. ಈ ಒಂದು ಅವಸರಕ್ಕೆ ಬಿಂದು ಸುಮಾರು 11 ಕಿಲೋಮೀಟರ್ ತೆಂಕಣಕ್ಕೆ ಜಾರುತ್ತದೆ. ಗುಡ್ಡದಲ್ಲಿ ಬಿದ್ದ ಬೆಂಕಿ ಯಾರದೋ ಹೊಲದಲ್ಲಿ ಕಾಣುತ್ತದೆ. ಗಾರ್ಡ್ ಒಮ್ಮೆ ಹಾಗೆ ಹೊಲಕ್ಕೆ ಹೋಗಿ ಬಂದನೆಂದರೆ ನಿಮ್ಮ ಉಳಿದ ನೂರು ಸರಿಯಾದ ಬಿಂದುಗಳನ್ನೂ ಅವನು ನಂಬುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಎಲ್ಲವನ್ನೂ ಒಂದು ತೆರೆದ ತಾಣದಲ್ಲಿ ಹಾಕಿಬಿಡುವುದೇ ಒಳ್ಳೆಯದು. ಸಾರ್ವಜನಿಕರ ಹಣದಲ್ಲಿ ತಯಾರಾದ ಮಾಹಿತಿಯನ್ನು ಹಂಚಿಕೊಳ್ಳಬೇಕೆಂದು ಕೇಂದ್ರ ಸರ್ಕಾರ 2012ರಲ್ಲೇ ನೀತಿ ರೂಪಿಸಿದೆ. ಒಬ್ಬ ಅಧಿಕಾರಿಯ ಕೈಗೆ ಕೊಟ್ಟದ್ದು ಅವರ ವರ್ಗಾವಣೆಯೊಂದಿಗೇ ಹೋಗುತ್ತದೆ.

ಉತ್ತರ 3: ಕಾಲೇಜು ಅಧ್ಯಾಪಕ, ಹಾವೇರಿ

ಮೇಲಿನವರ ಕೊನೆಯ ಸಲಹೆಯನ್ನು ಬೆಂಕಿಯ ನಕ್ಷೆಯ ಮಟ್ಟಿಗೆ ಒಪ್ಪುತ್ತೇನೆ, ತೋಳದ ಗವಿಗಳ ಮಟ್ಟಿಗೆ ಖಂಡಿತ ಒಪ್ಪುವುದಿಲ್ಲ. ಅವರು ಹೇಳಿದ 2012ರ ನೀತಿಯೂ ಸೂಕ್ಷ್ಮ ಮಾಹಿತಿಯನ್ನು ಹೊರಗಿಟ್ಟೇ ಮಾತನಾಡುತ್ತದೆ. ಕುರಿ ಕಳೆದುಕೊಂಡ ಸಿಟ್ಟಿನಲ್ಲಿರುವವನಿಗೂ, ಮರಿಗಳ ಚಿತ್ರಕ್ಕಾಗಿ ಗವಿಯ ಬಾಯಲ್ಲಿ ಕ್ಯಾಮೆರಾ ಹಿಡಿದು ಕೂರುವವನಿಗೂ ಅದೇ ಅಕ್ಷಾಂಶ ರೇಖಾಂಶ ದಾರಿ ತೋರಿಸುತ್ತದೆ. ಜನರು ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್‌ನಂತಹ ತಾಣಗಳು ಅಪಾಯದಲ್ಲಿರುವ ಜೀವಿಗಳ ಸ್ಥಳವನ್ನು ಮಸುಕು ಮಾಡಿ, 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಬಿಂದುವನ್ನು ತೋರಿಸುತ್ತವೆ. ಆ ಚೌಕದ ಒಂದೊಂದು ಬದಿ ನಮ್ಮಲ್ಲಿ ಸುಮಾರು 22 ಕಿಲೋಮೀಟರ್ ಆಗುತ್ತದೆ. 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದ ವಿಸ್ತೀರ್ಣ 244 ಚದರ ಕಿಲೋಮೀಟರ್. ಇಡೀ ಧಾಮಕ್ಕಿಂತ ಆ ಚೌಕವೇ ದೊಡ್ಡದು. ಹಾಗಾಗಿ ತೋಳದ ರಕ್ಷಣೆಗೆ ಈ ಏರ್ಪಾಡು ಸರಿ, ಆದರೆ ಬೀಟ್ ಮಟ್ಟದ ನಿರ್ವಹಣೆಗೆ ಆ ಮಾಹಿತಿ ಏನೂ ಉಪಯೋಗವಿಲ್ಲ. ಎರಡು ಪ್ರತಿ ಮಾಡುವುದೇ ದಾರಿ: ಜನರಿಗೆ ತಾಲ್ಲೂಕು ಮಟ್ಟದ ಪಟ್ಟಿ, ನಿಖರ ಬಿಂದುಗಳಿರುವ ಪ್ರತಿಯನ್ನು ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ, ಪತ್ರದೊಂದಿಗೆ, ಸ್ವೀಕೃತಿ ಪಡೆದು. ವಾಟ್ಸ್‌ಆ್ಯಪ್ ಗುಂಪಿಗೆ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ.

ಅಂದ ಹಾಗೆ, ಅಭಯಾರಣ್ಯದೊಳಗೆ ಅಧ್ಯಯನ ಮಾಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನಡಿ ಅನುಮತಿ ಬೇಕು. ನೀವು ಪಡೆದಿದ್ದರೆ, ನಿಮ್ಮ ಪತ್ರದಲ್ಲಿ ಆ ಅನುಮತಿಯ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಟಪಾಲು ತೆಗೆದುಕೊಳ್ಳುವವರಿಗೆ ಆಗ ಅದು ಯಾವ ಕಡತಕ್ಕೆ ಸೇರಬೇಕೆಂದು ತಿಳಿಯುತ್ತದೆ. ಕಡತ ಸಂಖ್ಯೆ ಇಲ್ಲದ ಕಾಗದ ಎಷ್ಟು ಒಳ್ಳೆಯದಿದ್ದರೂ ಡ್ರಾಯರ್‌ಗೇ ಹೋಗುತ್ತದೆ.

ಇಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯನ್ನು ಯಾರೂ ಎತ್ತಲಿಲ್ಲ. ನೀವು 'ಅರಣ್ಯ' ಎಂದರೆ ಏನು, ಅವರು 'ಅರಣ್ಯ' ಎಂದರೆ ಏನು ಎಂಬುದನ್ನು ನಕ್ಷೆಯ ಕೆಳಗೆ ಬರೆದಿದ್ದೀರಾ? ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ, ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ 10ರಷ್ಟಾದರೂ ಮರಗಳ ನೆರಳಿರುವ ಯಾವ ಜಾಗವಾದರೂ ಅರಣ್ಯ ಹೊದಿಕೆಯೇ. ಅದು ಯಾರ ಜಮೀನು, ಯಾವ ಜಾತಿಯ ಮರ ಎಂಬುದನ್ನು ಅದು ಕೇಳುವುದಿಲ್ಲ. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು ನೋಡಿ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಈ ಜಾಗಕ್ಕೆ ಕೃಷ್ಣಮೃಗವೂ ಹಿಂದೊಮ್ಮೆ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಬಂದು ನೆಲೆಸಿದ್ದು ಬಯಲು ಹುಲ್ಲಿಗಾಗಿ. ಅಲ್ಲಿ ಬೆಳೆಸಿದ ನೀಲಗಿರಿ ನೆಡುತೋಪು ಉಪಗ್ರಹದ ಕಣ್ಣಿಗೆ ಅರಣ್ಯ ಹೊದಿಕೆಯಾಗುತ್ತದೆ, ಆ ಪ್ರಾಣಿಗಳಿಗೆ ಬೇಕಾದ ಹುಲ್ಲುಗಾವಲು ಆಗುವುದಿಲ್ಲ. ಇಬ್ಬರೂ ಸರಿಯಾದ ಅಂಕಿಗಳನ್ನೇ ಹಿಡಿದುಕೊಂಡು, ಒಬ್ಬರು 'ಅರಣ್ಯ ಉಳಿದಿದೆ' ಎಂದೂ ಇನ್ನೊಬ್ಬರು 'ಆವಾಸ ಕಳೆದಿದೆ' ಎಂದೂ ವಾದಿಸುತ್ತ ಕೂರಬಹುದು. ಚಿತ್ರ ಯಾವ ದಿನಾಂಕದ್ದು, ಯಾವ ಉಪಗ್ರಹದ್ದು, ಎಷ್ಟು ಹೆಕ್ಟೇರಿಗಿಂತ ಚಿಕ್ಕ ಕಲೆಗಳನ್ನು ಬಿಟ್ಟಿದ್ದೀರಿ, ಸ್ಥಳಕ್ಕೆ ಹೋಗಿ ಎಷ್ಟು ಜಾಗಗಳನ್ನು ಪರೀಕ್ಷಿಸಿದ್ದೀರಿ ಎಂಬುದನ್ನು ಅರ್ಧ ಪುಟದಲ್ಲಿ ಬರೆದು ಲಗತ್ತಿಸಿ. ಐದು ವರ್ಷ ಕಳೆದು ಬೇರೆ ಯಾರೋ ಆ ಫೈಲು ತೆರೆದಾಗ ನೀವು ಪಕ್ಕದಲ್ಲಿ ಇರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಹುಬ್ಬಳ್ಳಿಯವರ ಅನುಮಾನ ಓದಿ, ಆ ಪೆನ್‌ಡ್ರೈವ್‌ಗೆ ಹಾಕಿದ್ದ ಫೈಲುಗಳ ಪ್ರತಿಯನ್ನು ನಿನ್ನೆ ರಾತ್ರಿ ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಿದೆ. ಪಿಆರ್‌ಜೆ ಫೈಲು ಇತ್ತು, ಆದರೆ ಹಳ್ಳಿಗಳ ಹೆಸರಿನ ಕಾಲಂ ಪೂರ್ತಿ ಪ್ರಶ್ನಾರ್ಥಕ ಚಿಹ್ನೆಗಳೇ. ಅವರು ಲಕೋಟೆ ಬಿಚ್ಚಿದ್ದರೆ ನನಗೇ ನಾಚಿಕೆಯಾಗುತ್ತಿತ್ತು. ತೋಳದ ಗವಿಗಳ ಬಿಂದುಗಳನ್ನು ಬೇರೆ ಫೈಲಿಗೆ ತೆಗೆದಿದ್ದೇನೆ. ಅನುಮತಿ ಪತ್ರದ ಸಂಖ್ಯೆ ಹಾಕಿ ಅದನ್ನು ಪ್ರತ್ಯೇಕವಾಗಿ ಸಲ್ಲಿಸುತ್ತೇನೆ. ದೀಪಾವಳಿಗೆ ಮೊದಲು ಬೀಟ್‌ಗೊಂದು ಹಾಳೆಯಂತೆ, ಸುಟ್ಟ ಜಾಗ ಕೆಂಪು, ಸುಡದ ಹುಲ್ಲು ಹಸಿರು ಬಣ್ಣದಲ್ಲಿ ಕಾಣುವ ನಕ್ಷೆಗಳನ್ನು ಕೆಎಂಎಲ್ ಮತ್ತು ಪಿಡಿಎಫ್ ಎರಡರಲ್ಲೂ ಸಿದ್ಧಪಡಿಸಬೇಕೆಂದಿದ್ದೇನೆ. ಗದಗಿನ ಹಿರಿಯರಲ್ಲಿ ಒಂದು ಕೇಳಿಕೆ: ಆ ಹಾಳೆಯಲ್ಲಿ ಮತ್ತೇನಾದರೂ ಇರಬೇಕೇ?

ಉತ್ತರ 4: ನಿವೃತ್ತ ವಲಯ ಅರಣ್ಯಾಧಿಕಾರಿ, ಗದಗ

ಕೆಂಪು, ಹಸಿರು ಬೇಡ ತಂಗಿ. ವಲಯ ಕಚೇರಿಗಳ ಪ್ರಿಂಟರ್ ಬಹುಪಾಲು ಕಪ್ಪು-ಬಿಳುಪಿನದು. ಎರಡೂ ಬಣ್ಣ ಒಂದೇ ಬೂದಿಯಾಗಿ ಬರುತ್ತವೆ. ಸುಟ್ಟ ಜಾಗಕ್ಕೆ ಓರೆ ಗೆರೆ ಎಳೆಯಿರಿ, ಎರಡು ಸಲ ಸುಟ್ಟದ್ದಕ್ಕೆ ಅಡ್ಡ-ಓರೆ ಗೆರೆ, ಮೂರು ಸಲ ಸುಟ್ಟದ್ದಕ್ಕೆ ಪೂರ್ತಿ ಕಪ್ಪು. ಹಾಳೆಯ ಒಂದು ಮಗ್ಗುಲಲ್ಲಿ ಬರೆಯಲು ಬಿಳಿ ಜಾಗ ಬಿಡಿ, ಗಾರ್ಡ್ ಅಲ್ಲಿ ಪೆನ್ನಿನಿಂದ ತನ್ನ ಹಳ್ಳ, ದಿನ್ನೆಗಳ ಹೆಸರು ಬರೆದುಕೊಳ್ಳುತ್ತಾನೆ. ಹಂಗಾಮು ಮುಗಿದ ಮೇಲೆ ಆ ಹಾಳೆಗಳನ್ನು ವಾಪಸ್ ಕೇಳಿ ತೆಗೆದುಕೊಳ್ಳಿ.