ಪದಚರ್ಚೆ: ತೆಲುಗಿನ ‘ಅನುಚಿತ ವ್ಯಾಖ್ಯಲು’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ನಾಳೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ಒಂದು ಫಲಕದ ಶೀರ್ಷಿಕೆಯನ್ನು ಫ್ಲೆಕ್ಸ್ ಮುದ್ರಿಸುವವರಿಗೆ ಕೊಡಬೇಕಾಗಿರುವುದರಿಂದ ತಮ್ಮೆಲ್ಲರ ನೆರವು ಬೇಡುತ್ತಿದ್ದೇನೆ. ಹೈದರಾಬಾದಿನ ಒಂದು ಕಾಲೇಜಿನ ಪತ್ರಿಕೋದ್ಯಮ ವಿದ್ಯಾರ್ಥಿಗಳು, ರಸ್ತೆ ಅಪಘಾತಗಳ ಸುದ್ದಿಯನ್ನು ಮಾಧ್ಯಮಗಳು ಹೇಗೆ ಬರೆಯುತ್ತವೆ ಎಂಬುದನ್ನು ಕುರಿತು ತೆಲುಗಿನಲ್ಲಿ ಸಿದ್ಧಪಡಿಸಿದ ಫಲಕಗಳನ್ನು ಬಳ್ಳಾರಿಯಲ್ಲಿಯೂ ತೋರಿಸಲಿದ್ದಾರೆ. ಅವುಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಹನ್ನೊಂದು ಮುಗಿದಿವೆ, ಹನ್ನೆರಡನೆಯದು ಶೀರ್ಷಿಕೆಯಲ್ಲೇ ನಿಂತಿದೆ.

ಪ್ರಸಂಗ ಅನೇಕರಿಗೆ ನೆನಪಿರಬಹುದು. 2021ರ ಸೆಪ್ಟೆಂಬರ್ 10ರಂದು, ಗಣೇಶನ ಹಬ್ಬದ ಸಂಜೆ, ನಟ ಸಾಯಿ ಧರಮ್ ತೇಜ್ ಅವರು ಹೈದರಾಬಾದಿನ ದುರ್ಗಂ ಚೆರುವು ಕೇಬಲ್ ಸೇತುವೆಯ ಬಳಿ ಬೈಕ್ ಜಾರಿ ಬಿದ್ದು, ಕೊರಳೆಲುಬು ಮುರಿದು, ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದರು. ತಲೆಗೆ ಹೆಲ್ಮೆಟ್ ಇತ್ತು, ರಸ್ತೆಯ ಮೇಲೆ ಮರಳಿತ್ತು. ಅವರಿನ್ನೂ ತೀವ್ರ ನಿಗಾ ಘಟಕದಲ್ಲಿರುವಾಗಲೇ ಹಿರಿಯ ನಟ ನರೇಶ್ ಅವರು ಒಂದು ವೀಡಿಯೊ ಹೇಳಿಕೆ ಬಿಡುಗಡೆ ಮಾಡಿದರು. ತೇಜ್ ತಮ್ಮ ಮಗನ ಆಪ್ತನೆಂದೂ ಬೈಕಿನ ವಿಷಯದಲ್ಲಿ ಇಬ್ಬರಿಗೂ ಬುದ್ಧಿ ಹೇಳಬೇಕೆಂದಿದ್ದೆನೆಂದೂ ಹೇಳುತ್ತಾ, ಬೈಕ್ ಅಪಘಾತಗಳಲ್ಲಿ ಮಕ್ಕಳನ್ನು ಕಳೆದುಕೊಂಡ ನಟರಾದ ಕೋಟ ಶ್ರೀನಿವಾಸರಾವ್, ಬಾಬು ಮೋಹನ್ ಅವರ ಪ್ರಸ್ತಾಪವನ್ನೂ ತಂದರು. ಶ್ರೀಕಾಂತ್, ಬಂಡ್ಲ ಗಣೇಶ್ ಮೊದಲಾದ ಚಿತ್ರರಂಗದವರೇ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಸಾಮಾಜಿಕ ಜಾಲತಾಣಗಳಲ್ಲಿಯೂ ಜನ ತರಾಟೆಗೆ ತೆಗೆದುಕೊಂಡರು.

ಫಲಕದ ತೆಲುಗು ಶೀರ್ಷಿಕೆ ಹೀಗಿದೆ: ‘ಬೈಕ್ ಪ್ರಮಾದಂಪೈ ನಟುಡಿ ಅನುಚಿತ ವ್ಯಾಖ್ಯಲು: ಪ್ರಜಲ ಸ್ಪಂದನ’. ಬೈಕ್ ಅಪಘಾತದ ಬಗ್ಗೆ ನಟನೊಬ್ಬ ಆಡಬಾರದ ಮಾತಾಡಿದ್ದು, ಅದಕ್ಕೆ ಜನ ಪ್ರತಿಕ್ರಿಯಿಸಿದ್ದು ಎಂಬುದು ಇದರ ಭಾವ. ಪ್ರಮಾದ, ಅನುಚಿತ, ವ್ಯಾಖ್ಯೆ, ಸ್ಪಂದನೆ ಎಂಬ ನಾಲ್ಕೂ ಪದಗಳು ಕನ್ನಡದಲ್ಲಿವೆ, ನಾಲ್ಕೂ ಕೈಕೊಡುತ್ತಿವೆ. ಆರು ಪದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ದಯವಿಟ್ಟು ಸೂಚಿಸಿ.

(ಅನುವಾದಕಿ, ಹೈದರಾಬಾದ್)

———

ಸಂವೇದನಾಹೀನ ಹೇಳಿಕೆ. ಪತ್ರಿಕೆಗಳಲ್ಲಿ ದಿನಬೆಳಗಾದರೆ ಬರುವ ಪದ. ಇದರಲ್ಲಿ ಚರ್ಚಿಸುವಂಥದ್ದು ಏನಿದೆಯೋ ನನಗೆ ತಿಳಿಯಲಿಲ್ಲ.

(ಮೈಸೂರಿನಿಂದ)

———

ಚರ್ಚಿಸುವಂಥದ್ದು ಸಾಕಷ್ಟಿದೆ.

‘ಪ್ರಮಾದ’ದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಮೂರು ಪದಗಳು ತಪ್ಪಾದರೆ ಓದುಗ ನಗುತ್ತಾನೆ, ಇದೊಂದು ತಪ್ಪಾದರೆ ಒಬ್ಬ ಮನುಷ್ಯನ ಮೇಲೆ ಆರೋಪ ಹೊರಿಸಿದಂತಾಗುತ್ತದೆ. ‘ಮದ್’ ಧಾತುವಿಗೆ ‘ಪ್ರ’ ಸೇರಿ ಹುಟ್ಟಿದ ಈ ಪದದ ಮೂಲಾರ್ಥ ಮೈಮರೆವು, ಎಚ್ಚರಗೇಡಿತನ. ಗುರುಕುಲವನ್ನು ಬಿಟ್ಟು ಹೊರಡುವ ಶಿಷ್ಯನಿಗೆ ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ‘ಸತ್ಯಾನ್ನ ಪ್ರಮದಿತವ್ಯಮ್’ ಎಂದು ಹೇಳುವಾಗ ಇದೇ ಅರ್ಥ, ಅಂದರೆ ಸತ್ಯದ ವಿಷಯದಲ್ಲಿ ಎಚ್ಚರ ತಪ್ಪಬೇಡ. ಕನ್ನಡ ಈ ಅರ್ಥದಿಂದ ಹೆಚ್ಚು ದೂರ ಹೋಗಲಿಲ್ಲ. ನಮಗೆ ಪ್ರಮಾದವೆಂದರೆ ದೊಡ್ಡ ತಪ್ಪು, ಮತ್ತು ತಪ್ಪು ಎಂದಮೇಲೆ ಅದನ್ನು ಮಾಡಿದವನೊಬ್ಬ ಇರಲೇಬೇಕು. ತೆಲುಗು ಕಾರಣವನ್ನು ಬಿಟ್ಟು ಕಾರ್ಯದ ಕಡೆಗೆ ನಡೆಯಿತು. ಅಲ್ಲಿ ಎಚ್ಚರಗೇಡಿತನದಿಂದ ಆಗಬಹುದಾದ ಅಪಾಯವೂ ಪ್ರಮಾದವೇ, ಆಗಿಹೋದ ಅಪಘಾತವೂ ಪ್ರಮಾದವೇ. ಯಾರ ತಪ್ಪೂ ಇಲ್ಲದೆ ಬಂಡೆ ಉರುಳಿದರೂ ತೆಲುಗಿನಲ್ಲಿ ಅದು ಪ್ರಮಾದ.

ಈಗ ಪ್ರಸಂಗಕ್ಕೆ ಬನ್ನಿ. ಪೊಲೀಸರು ಸವಾರನ ಮೇಲೆ ಅತಿವೇಗದ ಪ್ರಕರಣ ದಾಖಲಿಸಿದ್ದರು. ರಸ್ತೆಯಲ್ಲಿ ಮರಳು ಬಿಟ್ಟವರ ಮೇಲೂ ಪ್ರಕರಣ ದಾಖಲಿಸಬೇಡವೇ ಎಂದು ಸಂಗೀತ ನಿರ್ದೇಶಕ ಆರ್.ಪಿ. ಪಟ್ನಾಯಕ್ ಕೇಳಿದ್ದರು. ಹೊಣೆ ಯಾರದೆಂಬುದೇ ಆ ದಿನಗಳ ಜಗಳವಾಗಿದ್ದಾಗ, ಕನ್ನಡದ ಫಲಕದಲ್ಲಿ ‘ಬೈಕ್ ಪ್ರಮಾದ’ ಎಂದು ಬರೆದರೆ ಆ ಜಗಳಕ್ಕೆ ನೀವೇ ತೀರ್ಪು ಕೊಟ್ಟಂತೆ. ಆದ್ದರಿಂದ ‘ಅಪಘಾತ’, ಬೇರೆ ಮಾತಿಲ್ಲ.

ಒಳಗಿನ ಪಠ್ಯದಲ್ಲಿ ಚಿತ್ರರಂಗದವರು ಆಸ್ಪತ್ರೆಗೆ ಹೋಗಿ ‘ಪರಾಮರ್ಶಿಂಚಾರು’ ಎಂಬ ವಾಕ್ಯ ಇದ್ದೇ ಇರುತ್ತದೆ. ಅದನ್ನು ‘ಪರಾಮರ್ಶಿಸಿದರು’ ಎಂದು ಮಾಡದಿರುವ ಎಚ್ಚರ ತಮಗಿದೆ ಎಂದು ನಂಬಿದ್ದೇನೆ. ನಾವು ಕಡತವನ್ನು ಪರಾಮರ್ಶಿಸುತ್ತೇವೆ, ರೋಗಿಯ ಯೋಗಕ್ಷೇಮ ವಿಚಾರಿಸುತ್ತೇವೆ.

(ನಿವೃತ್ತ ಅಧ್ಯಾಪಕ, ಶಿವಮೊಗ್ಗ)

———

ಮೇಷ್ಟ್ರು ಪ್ರಮಾದವನ್ನು ಹೊರಗೆ ಹಾಕಿ ಅಪಘಾತಕ್ಕೆ ಮಣೆ ಹಾಕಿದ್ದಾರೆ. ಅದೂ ಸಂಸ್ಕೃತವೇ ಅಲ್ಲವೇ? ‘ಅಪ’ ಮತ್ತು ‘ಘಾತ’, ಅಂದರೆ ಹೊಡೆದು ಕೆಡವುವುದು. ಮರಳಿನ ಮೇಲೆ ಜಾರಿ ಬಿದ್ದವನನ್ನು ಯಾರು ಹೊಡೆದರು? ನೆರೆಯವರ ಮನೆಯ ಪಾತ್ರೆಗಳಲ್ಲಿ ಅಡುಗೆ ಮಾಡಲು ಹೊರಟರೆ ಒಂದರ ಮುಚ್ಚಳ ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬುದಕ್ಕೆ ಈ ನಾಲ್ಕು ಪದಗಳೇ ಸಾಕ್ಷಿ. ತೆಲುಗರೂ ನಾವೂ ಒಂದೇ ಕಡೆಯಿಂದ ಸಾಲ ತಂದೆವು, ಈಗ ಯಾರ ಲೆಕ್ಕ ಸರಿ ಎಂದು ಬಡಿದಾಡುತ್ತಿದ್ದೇವೆ.

ನನ್ನ ಸಲಹೆ ಇದು. ಕನ್ನಡದಲ್ಲಿ ‘ಕೆಡು’ವಿನಿಂದ ಹುಟ್ಟಿದ ‘ಗೇಡಿ’ ಇದೆ: ಹೊಣೆಗೇಡಿ, ತಿಳಿಗೇಡಿ, ನಾಚಿಕೆಗೇಡಿ. ಅದೇ ದಾರಿಯಲ್ಲಿ ‘ಮರುಕಗೇಡಿ ಮಾತು’ ಎನ್ನಬಹುದು. ‘ಸಂವೇದನಾಹೀನ’ ಎಂಬುದನ್ನು ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ನಿಂತು ಹತ್ತು ಜನರಿಗೆ ಓದಿ ಹೇಳಿ, ಎಷ್ಟು ಜನರಿಗೆ ಎದೆ ಮುಟ್ಟಿತು ಎಂದು ಕೇಳಿ ನೋಡಿ. ‘ಸವಾರ’ ಪದವನ್ನು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದು ಪಾರಸಿ.

(ತುಮಕೂರಿನಿಂದ)

———

ಸವಾರನ ಪರವಾಗಿ ಎರಡು ಮಾತು ಹೇಳಬೇಕಾಗಿದೆ. ಅಪರಾಧ ಸುದ್ದಿಗಳ ಮೇಜಿನಲ್ಲಿ ಬಹಳ ವರ್ಷ ಕುಳಿತವನು ನಾನು. ‘ದ್ವಿಚಕ್ರ ವಾಹನ ಸವಾರ’ ಎಂದು ಬರೆಯದೆ ನಮ್ಮ ಒಂದು ದಿನವೂ ಮುಗಿಯುತ್ತಿರಲಿಲ್ಲ. ಪಾರಸಿಯಾದರೇನು, ಅದರ ಜಾಗದಲ್ಲಿ ಕೂರಿಸಲು ತುಮಕೂರಿನವರ ಬಳಿ ಇರುವ ಪದ ಯಾವುದು? ‘ರಾವುತ’ ಎಂದರೆ ಕುದುರೆ ಬೇಕಾಗುತ್ತದೆ.

ನನಗೆ ತೊಡಕಾಗಿ ಕಂಡದ್ದು ‘ಹಿಂಬದಿ ಸವಾರ’. ಇದೇ ಪ್ರಸಂಗಕ್ಕೆ ಮೂರು ತಿಂಗಳ ಮೊದಲು, 2021ರ ಜೂನ್ 12ರ ರಾತ್ರಿ, ಬೆಂಗಳೂರಿನ ಜೆ.ಪಿ. ನಗರದಲ್ಲಿ ನಟ ಸಂಚಾರಿ ವಿಜಯ್ ಅವರು ಗೆಳೆಯನ ಬೈಕಿನ ಹಿಂದೆ ಕುಳಿತು ಹೋಗುತ್ತಿದ್ದಾಗ ಬೈಕ್ ಜಾರಿ ವಿದ್ಯುತ್ ಕಂಬಕ್ಕೆ ಬಡಿಯಿತು. ತಲೆಗೆ ಹೆಲ್ಮೆಟ್ ಇರಲಿಲ್ಲ. ಮೆದುಳು ನಿಷ್ಕ್ರಿಯವಾದ ಮೇಲೆ ಮನೆಯವರು ಅಂಗಾಂಗಗಳನ್ನು ದಾನ ಮಾಡಿದರು. ಆ ದಿನಗಳಲ್ಲಿ ‘ಹಿಂಬದಿ ಸವಾರ’ ಎಂಬುದನ್ನು ಎಷ್ಟೋ ಮಂದಿ ಅವರೇ ಓಡಿಸುತ್ತಿದ್ದರೆಂದು ಅರ್ಥಮಾಡಿಕೊಂಡು, ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದರೆ ಇನ್ನೇನಾಗುತ್ತದೆ ಎಂಬ ಧಾಟಿಯಲ್ಲಿ ಬರೆದದ್ದನ್ನು ನಾನು ಓದಿದ್ದೇನೆ. ಹಿಂದೆ ಕುಳಿತವನನ್ನು ಸವಾರ ಎಂದು ಕರೆದದ್ದು ನಾವೇ.

ಆದ್ದರಿಂದ ನಾಮಪದದ ಜೊತೆಗೆ ಕ್ರಿಯಾಪದವನ್ನೂ ನೋಡಿಕೊಳ್ಳಿ. ‘ನಿಯಂತ್ರಣ ತಪ್ಪಿ’ ಎಂದರೆ ಸವಾರನ ಕೈಗೆ ಅಂಟುತ್ತದೆ. ‘ಆಯತಪ್ಪಿ’ ಎಂದರೆ ಅರ್ಧ ಅಂಟುತ್ತದೆ. ‘ಮರಳಿನ ಮೇಲೆ ಚಕ್ರ ಜಾರಿ’ ಎಂದರೆ ರಸ್ತೆಯ ಪಾಲಾಗುತ್ತದೆ. ಮೂರೂ ಒಂದೇ ಘಟನೆ, ಮೂರೂ ಒಂದೇ ಅಳತೆಯ ಸಾಲು.

(ಬೆಂಗಳೂರಿನಿಂದ)

———

ಎಲ್ಲರಿಗೂ ವಂದನೆಗಳು. ‘ಅಪಘಾತ’ ಮತ್ತು ‘ಬೈಕ್ ಜಾರಿ ಬಿದ್ದು’ ಎಂಬ ಎರಡನ್ನೂ ಒಪ್ಪಿಕೊಂಡಿದ್ದೇನೆ. ‘ಪರಾಮರ್ಶಿಸಿದರು’ ಎಂದು ಎರಡು ಕಡೆ ಬರೆದುಬಿಟ್ಟಿದ್ದೆ, ಮೇಷ್ಟ್ರು ಉಳಿಸಿದರು.

ಆದರೆ ನಾನು ಕೇಳಿದ ಮುಖ್ಯ ಪದ ಹಾಗೆಯೇ ಉಳಿದಿದೆ. ‘ಅನುಚಿತ’ವನ್ನು ಇಡಲಾರೆ. ಕನ್ನಡದ ಸುದ್ದಿಗಳಲ್ಲಿ ‘ಅನುಚಿತ ವರ್ತನೆ’ ಎಂದೊಡನೆ ಓದುಗರ ಮನಸ್ಸಿಗೆ ಹೆಣ್ಣುಮಕ್ಕಳೊಂದಿಗೆ ಕೆಟ್ಟದಾಗಿ ನಡೆದುಕೊಂಡ ಪ್ರಕರಣ ಬರುತ್ತದೆ, ಅಂಥ ನೆರಳು ಇಲ್ಲಿ ಬೀಳಕೂಡದು. ‘ಸಂವೇದನಾಹೀನ’ ಮತ್ತು ‘ಮರುಕಗೇಡಿ’ ಎರಡಕ್ಕೂ ನನ್ನ ಅಡ್ಡಿ ಒಂದೇ. ಅವು ಆಡಿದವರ ಎದೆಯನ್ನು ಬಗೆದು ನೋಡಿ ಅಲ್ಲಿ ಏನೂ ಇಲ್ಲವೆಂದು ಹೇಳುತ್ತವೆ. ಆ ವೀಡಿಯೊದಲ್ಲಿ ಮರುಕವೇ ಇರಲಿಲ್ಲ ಎನ್ನಲಾರೆ, ಮನೆಯ ಹುಡುಗರ ಬಗ್ಗೆ ಮಾತಾಡುವ ಹಿರಿಯರ ದನಿ ಅದು. ಶ್ರೀಕಾಂತ್ ಅವರ ಆಕ್ಷೇಪವೂ ಇಂಥ ಸಮಯದಲ್ಲಿ ಇಂಥ ಮಾತೇಕೆ ಎಂಬುದೇ ಆಗಿತ್ತು. ಎದೆಯ ಬಗ್ಗೆ ಅಲ್ಲದೆ ಮಾತಿನ ಬಗ್ಗೆ ಹೇಳುವ ಪದ ಬೇಕಾಗಿದೆ. ಸಂಜೆ ಆರಾಯಿತು.

(ಅನುವಾದಕಿ, ಹೈದರಾಬಾದ್)

———

ತಂಗೀ, ನೀನು ಕೇಳುತ್ತಿರುವುದು ನಮ್ಮ ಮನೆಗಳಲ್ಲಿ ದಿನವೂ ಆಡುವ ಮಾತು.

ನಮ್ಮ ತಾಯಿಯವರ ಕಾಲದಲ್ಲಿ ಯಾರಾದರೂ ಕಾಯಿಲೆ ಮಲಗಿದ್ದಾಗ ನೋಡಲು ಬಂದವರು, ‘ಇದೇ ಜ್ವರ ನೋಡಿ, ಆಚೆ ಓಣಿಯವರ ಹುಡುಗನಿಗೂ ಹೀಗೇ ಬಂದಿತ್ತು, ಮೂರೇ ದಿನ’ ಎಂದು ಶುರುಮಾಡುವುದಿತ್ತು. ಅವರು ಕೆಟ್ಟವರಲ್ಲ, ನಿಂಬೆಹಣ್ಣು ತಂದಿರುತ್ತಿದ್ದರು, ಕಣ್ಣಲ್ಲಿ ನೀರೂ ಇರುತ್ತಿತ್ತು. ಆದರೂ ನಮ್ಮ ತಾಯಿ ಕೈಯಲ್ಲಿದ್ದ ಲೋಟವನ್ನು ಟಕ್ಕನೆ ಕೆಳಗಿಟ್ಟು, ‘ಬಿಡ್ತು ಅನ್ರಿ’ ಎನ್ನುತ್ತಿದ್ದರು. ಹಾಸಿಗೆಯಲ್ಲಿರುವವನ ತಲೆಯ ಹತ್ತಿರ ನಿಂತು ಸತ್ತವರ ಹೆಸರು ಎತ್ತಬಾರದು ಎಂಬುದು ಯಾರೂ ಕಲಿಸದೆ ಎಲ್ಲರಿಗೂ ಗೊತ್ತಿದ್ದ ರೀತಿ. ಹೈದರಾಬಾದಿನಲ್ಲಿ ಜನ ಸಿಟ್ಟಾದದ್ದೂ ಇದಕ್ಕೇ ಎಂದು ನನಗನ್ನಿಸುತ್ತದೆ. ಬೈಕಿನ ವೇಗದ ಬಗ್ಗೆ ಬುದ್ಧಿ ಹೇಳಿದ್ದನ್ನು ಕ್ಷಮಿಸುತ್ತಿದ್ದರೇನೋ, ತೀರಿಹೋದ ಮಕ್ಕಳನ್ನು ಹುಡುಗನ ಹಾಸಿಗೆಯ ಪಕ್ಕಕ್ಕೆ ಕರೆತಂದದ್ದನ್ನು ಸಹಿಸಲಿಲ್ಲ. ಆ ಮಕ್ಕಳ ತಂದೆಯರೂ ಇದನ್ನೆಲ್ಲ ಕೇಳಬೇಕಾಯಿತಲ್ಲ. ಒಬ್ಬರ ಮಗ ಹೋದದ್ದು 2003ರಲ್ಲಿ, ಇನ್ನೊಬ್ಬರ ಮಗ 2010ರಲ್ಲಿ.

ಇದಕ್ಕೆ ‘ಹೊತ್ತುಗೊತ್ತಿಲ್ಲದ ಮಾತು’ ಎನ್ನು. ‘ಗೊತ್ತುಪಡಿಸು’ ಎನ್ನುವಾಗಿನ ಗೊತ್ತು ಅದು, ನೆಲೆ ಎಂದರ್ಥ. ಹೊತ್ತನ್ನೂ ನೋಡಲಿಲ್ಲ, ನೆಲೆಯನ್ನೂ ನೋಡಲಿಲ್ಲ ಎಂದಷ್ಟೇ ಹೇಳುತ್ತದೆ, ಎದೆಯ ಸುದ್ದಿಗೆ ಹೋಗುವುದಿಲ್ಲ.

(ಧಾರವಾಡದಿಂದ)

———

‘ಹೊತ್ತುಗೊತ್ತಿಲ್ಲದೆ’ ಎಂಬುದು ಬಸ್ಸು ಬರುವುದಕ್ಕೆ, ನೆಂಟರು ಬರುವುದಕ್ಕೆ ಹೇಳುವ ಮಾತು. ಅನಿಯತ ಎಂಬ ಅರ್ಥವೇ ಹೊರತು ಅನುಚಿತ ಎಂಬ ಅರ್ಥವಿಲ್ಲ. ಮನೆಮಾತನ್ನು ಫಲಕದ ಮೇಲೆ ಹಾಕಿದರೆ ಗಾಂಭೀರ್ಯ ಉಳಿಯುವುದಿಲ್ಲ.

(ಮೈಸೂರಿನಿಂದ)

———

‘ಹೊತ್ತುಗೊತ್ತಿಲ್ಲದೆ ಮಾತಾಡಬೇಡ’ ಎಂದು ಮೈಸೂರಿನಲ್ಲಿ ಯಾರೂ ಯಾರನ್ನೂ ಗದರಿಸುವುದಿಲ್ಲವೇ? ಗಾಂಭೀರ್ಯ ಸಂಸ್ಕೃತದಲ್ಲಿ ಮಾತ್ರ ಇದೆ ಎಂದು ತಿಳಿದವರಿಂದಲೇ ಕನ್ನಡ ಈ ಸ್ಥಿತಿಗೆ ಬಂದಿರುವುದು. ಧಾರವಾಡದ ಅಮ್ಮನವರಿಗೆ ಕೈಮುಗಿಯುತ್ತೇನೆ, ನನ್ನ ‘ಮರುಕಗೇಡಿ’ಯನ್ನು ಹಿಂತೆಗೆದುಕೊಂಡಿದ್ದೇನೆ. ‘ಸ್ಪಂದನೆ’ಯನ್ನೂ ‘ಪ್ರತಿಕ್ರಿಯೆ’ಯನ್ನೂ ಬಿಟ್ಟು ‘ನೆಟ್ಟಿಗರ ಸಿಟ್ಟು’ ಎನ್ನಿ. ‘ನೆಟ್ಟಿಗ’ ಎಂಬುದು ಅಚ್ಚ ಕನ್ನಡದ ರಚನೆ: ಕನ್ನಡಿಗ, ಗಾಣಿಗ, ಲೆಕ್ಕಿಗ ಇದ್ದಂತೆ.

(ತುಮಕೂರಿನಿಂದ)

———

‘ನೆಟ್ಟಿಗ’ದ ಬಾಲ ಕನ್ನಡದ್ದು, ತಲೆ ಇಂಗ್ಲಿಷಿನದು. ಬಹುಕಾಲದಿಂದ ಈ ಮಣ್ಣಿನಲ್ಲಿ ಬೆಳೆದ ‘ಅಪಘಾತ’ವನ್ನು ಪರಕೀಯವೆಂದು ಹೊರದೂಡಿ, ಮೊನ್ನೆ ಬಂದ ‘ನೆಟ್’ಗೆ ಕನ್ನಡದ ಪಂಚೆ ಉಡಿಸಿ ಅಚ್ಚ ಕನ್ನಡಿಗನೆಂದು ಕರೆಯುವ ಈ ತತ್ತ್ವ ನನಗೆ ಎಂದಿಗೂ ಅರ್ಥವಾಗಲಾರದು. ಅದೂ ಅಲ್ಲದೆ ಆಕ್ಷೇಪಿಸಿದವರಲ್ಲಿ ಮೊದಲಿಗರು ಚಿತ್ರರಂಗದವರು, ಅವರನ್ನು ನೆಟ್ಟಿಗರು ಎನ್ನುವುದು ತಪ್ಪು ವರದಿಯಾದೀತು. ‘ಜನರ’ ಎಂದರೆ ಸಾಕು. ಅದು ಸಂಸ್ಕೃತವೆಂದು ತುಮಕೂರಿನವರು ಮುನಿಸಿಕೊಳ್ಳದಿದ್ದರೆ.

‘ಸ್ಪಂದನೆ’ಯ ವಿಷಯದಲ್ಲಿ ಮಾತ್ರ ಅವರೊಂದಿಗೆ ನನ್ನ ಸಹಮತವಿದೆ. ಕನ್ನಡದಲ್ಲಿ ಸ್ಪಂದಿಸುವುದೆಂದರೆ ಕಷ್ಟಕ್ಕೆ ಮಿಡಿಯುವುದು. ಛೀಮಾರಿ ಹಾಕಿದ್ದನ್ನು ಸ್ಪಂದನೆ ಎನ್ನಲಾಗದು. ‘ವ್ಯಾಖ್ಯಲು’ ಎಂಬುದನ್ನು ಯಾರೂ ಮುಟ್ಟಲಿಲ್ಲ. ನಮ್ಮಲ್ಲಿ ವ್ಯಾಖ್ಯೆ ಎಂದರೆ ಲಕ್ಷಣ ಹೇಳುವುದು. ‘ಮಾತು’ ಎಂದಾಗ ಅದರ ಕೆಲಸವೂ ಮುಗಿಯಿತು.

(ನಿವೃತ್ತ ಅಧ್ಯಾಪಕ, ಶಿವಮೊಗ್ಗ)

———

ಮಾನ್ಯರೇ,

ಫಲಕಕ್ಕೆ ಹೋದ ಶೀರ್ಷಿಕೆ ಇದು:

‘ಬೈಕ್ ಅಪಘಾತ: ನಟನ ಹೊತ್ತುಗೊತ್ತಿಲ್ಲದ ಮಾತು, ಜನರ ಸಿಟ್ಟು’

ಒಂದು ಪದ ಹೆಚ್ಚಾಯಿತು. ಕರಡನ್ನು ವಾಟ್ಸಾಪಿನಲ್ಲಿ ಕಳುಹಿಸಿದ ಮುದ್ರಕರು ‘ಹೊತ್ತುಗೊತ್ತಿಲ್ಲದ’ ಎಂಬುದನ್ನು ‘ಹೊತ್ತುಗೊ’ ಎಂದು ಮುರಿದು ಉಳಿದದ್ದನ್ನು ಎರಡನೆಯ ಸಾಲಿಗೆ ಹಾಕಿದ್ದರು. ಕೇಳಿದ್ದಕ್ಕೆ, ‘ಮೇಡಂ, ಅಕಾಲಿಕ ಅಂತ ಮಾಡಿಬಿಡಲೇ? ಒಂದೇ ಸಾಲಿನಲ್ಲಿ ಕೂರುತ್ತದೆ’ ಎಂದರು. ಅಕಾಲಿಕವೆಂದರೆ ಮಳೆ ನೆನಪಾಗುತ್ತದೆ ಎಂದು ಹೇಳಿ, ಅಕ್ಷರದ ಗಾತ್ರವನ್ನು ಇಳಿಸಲು ಒಪ್ಪಿಸಿದೆ. ತೇಜ್ ಅವರು ಅದೇ ವರ್ಷ ಅಕ್ಟೋಬರ್ 15ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಆಸ್ಪತ್ರೆಯಿಂದ ಮನೆಗೆ ಮರಳಿದರು ಎಂಬ ಸಾಲನ್ನು ಫಲಕದ ಕೆಳಗೆ ಸೇರಿಸಿದ್ದೇನೆ. ತೆಲುಗಿನ ಮೂಲದಲ್ಲಿ ಅದು ಇರಲಿಲ್ಲ.

(ಅನುವಾದಕಿ, ಹೈದರಾಬಾದ್)

———

‘ನಟ’ ಎಂಬುದನ್ನು ಹಾಗೆಯೇ ಉಳಿಸಿಕೊಂಡಿರುವುದಕ್ಕೆ ನನ್ನ ಆಕ್ಷೇಪವನ್ನು ದಾಖಲಿಸಿಕೊಳ್ಳಬೇಕಾಗಿ ವಿನಂತಿ.

(ತುಮಕೂರಿನಿಂದ)